ನರರೋಗದ ಪೇಪರ್‌ಗಳಿಗೆ ಬರುವ ಸೈಟೇಶನ್ ಯಾವುದರ ಅಳತೆ?

ನ್ಯೂರೋ ಪಿಜಿ
ಎಲ್ಲರಿಗೂ ನಮಸ್ಕಾರ. ನಾನು ನರರೋಗ ವಿಭಾಗದಲ್ಲಿ ಓದುತ್ತಿದ್ದೇನೆ. ಕೋರ್ಸ್ ಮುಗಿಸಲು ಒಂದು ಪೇಪರ್ ಬರೆಯಲೇಬೇಕು. ಪಾರ್ಶ್ವವಾಯು ಬಗ್ಗೆ ಕಳೆದ 20 ವರ್ಷಗಳ ಸಂಶೋಧನೆ ಯಾವ ಕಡೆ ಹೋಗಿದೆ ಅಂತ ಮಾಡು ಎಂದು ಗೈಡ್ ಹೇಳಿದ್ದಾರೆ. ಅಂದರೆ ವೆಬ್ ಆಫ್ ಸೈನ್ಸ್ ಡೇಟಾಬೇಸ್‌ನಿಂದ ಪೇಪರ್‌ಗಳ ಪಟ್ಟಿ ಇಳಿಸಿಕೊಂಡು ವಾಸ್‌ವ್ಯೂವರ್ ಸಾಫ್ಟ್‌ವೇರ್‌ಗೆ ಹಾಕಬೇಕು. ಯಾವ ದೇಶ, ಯಾವ ಸಂಸ್ಥೆ, ಯಾವ ಪದ ಜಾಸ್ತಿ ಬರುತ್ತದೆ ಅಂತ ಬಣ್ಣದ ಗುಳ್ಳೆಗಳ ನಕ್ಷೆ ತೆಗೆಯಬೇಕು. ರೋಗಿಗಳ ಮಾಹಿತಿ ಬೇಕಿಲ್ಲ, ಬೇಗ ಮುಗಿಯುತ್ತದೆ, ಸೈಟೇಶನ್ (ಬೇರೆಯವರು ತಮ್ಮ ಪೇಪರ್‌ನಲ್ಲಿ ನಮ್ಮ ಪೇಪರನ್ನು ಉಲ್ಲೇಖಿಸುವುದು) ಕೂಡ ಚೆನ್ನಾಗಿ ಬರುತ್ತದಂತೆ. ಇದರಿಂದ ಯಾರಿಗೆ ಏನು ಉಪಯೋಗ ಅನ್ನುವುದೇ ನನಗೆ ತಿಳಿಯುತ್ತಿಲ್ಲ. ಮಾಡಲೋ ಬೇಡವೋ?

ನರತಂತು
ಬೇಡ. ಆ ನಕ್ಷೆಯಲ್ಲಿ ಏನು ಬರುತ್ತದೆ ಅಂತ ಈಗಲೇ ಹೇಳಬಲ್ಲೆ. 2015ರ ನಂತರ ಥ್ರಾಂಬೆಕ್ಟಮಿ ಅನ್ನುವ ಗುಳ್ಳೆ ದೊಡ್ಡದಾಗುತ್ತದೆ. ಮಿದುಳಿನ ರಕ್ತನಾಳದಿಂದ ಹೆಪ್ಪನ್ನು ಕೊಳವೆ ಹಾಕಿ ತೆಗೆಯುವ ಚಿಕಿತ್ಸೆ ಅದು. ಎಂಆರ್ ಕ್ಲೀನ್ ಸೇರಿದಂತೆ ಐದು ಟ್ರಯಲ್‌ಗಳು, ಅಂದರೆ ಚಿಕಿತ್ಸೆಯನ್ನು ರೋಗಿಗಳ ಮೇಲೆ ಪರೀಕ್ಷಿಸಿದ ಅಧ್ಯಯನಗಳು, ಆ ವರ್ಷ ಒಂದರ ಹಿಂದೆ ಒಂದು ಪ್ರಕಟವಾದವು. ಪಾರ್ಶ್ವವಾಯು ನೋಡುವ ಎಲ್ಲ ವೈದ್ಯರಿಗೂ ಇದು ಗೊತ್ತು. ಗೊತ್ತಿರುವುದನ್ನೇ ಬಣ್ಣದಲ್ಲಿ ತೋರಿಸಲು ನಿಮ್ಮ ಒಂದು ವರ್ಷ ಕೊಡಬೇಡಿ.

ಪುಸ್ತಕದ ಕಪಾಟು
ನಾನು ವೈದ್ಯಕೀಯ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ನರತಂತು ಸರ್ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಸೈಟೇಶನ್‌ಗಳನ್ನು ಎಣಿಸುವುದು ತಪ್ಪಲ್ಲ. ಎಣಿಸಿ ಅಲ್ಲಿಗೇ ನಿಲ್ಲಿಸುವುದು ತಪ್ಪು.

ನರರೋಗ ಕ್ಷೇತ್ರದಲ್ಲಿ ಬಹಳ ಸೈಟ್ ಆಗಿರುವ ಪೇಪರ್‌ಗಳನ್ನು ಒಮ್ಮೆ ನೋಡಿ. ನೆನಪು, ಯೋಚನಾಶಕ್ತಿ ಅಳೆಯುವ 1975ರ ಮಿನಿ ಮೆಂಟಲ್ ಸ್ಟೇಟ್ ಪರೀಕ್ಷೆ ಇದೆ. ಪಾರ್ಕಿನ್ಸನ್ ಎಷ್ಟು ಮುಂದುವರಿದಿದೆ ಅಂತ ಹೇಳುವ ಹೋನ್ ಮತ್ತು ಯಾರ್ ಅವರ 1967ರ ಹಂತಗಳಿವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಯ ಅಂಗವೈಕಲ್ಯ ಅಳೆಯಲು 1983ರಲ್ಲಿ ಕರ್ಟ್ಸ್‌ಕೆ ಕೊಟ್ಟ ಅಳತೆ ಇದೆ. ಅಲ್ಝೈಮರ್ ಗುರುತಿಸಲು 1984ರಲ್ಲಿ ಬಂದ ಮಾನದಂಡ ಇದೆ. ಇವುಗಳಲ್ಲಿ ಯಾವುದೂ ಹೊಸ ಔಷಧ ಕಂಡುಹಿಡಿದ ಪೇಪರ್ ಅಲ್ಲ. ಯಾವ ರೋಗದ ಕಾರಣವನ್ನೂ ಬಿಡಿಸಿ ಹೇಳಿಲ್ಲ. ಎಲ್ಲವೂ ಅಳತೆಯ ಸಾಧನಗಳು. ಅಧ್ಯಯನ ಮಾಡುವ ಪ್ರತಿಯೊಬ್ಬರೂ ‘ನಾವು ಈ ಅಳತೆ ಬಳಸಿದೆವು’ ಅಂತ ವಿಧಾನದ ಭಾಗದಲ್ಲಿ ಒಂದು ಸಾಲು ಬರೆಯಬೇಕು, ಅಲ್ಲಿ ಇವು ಬಂದು ಕೂರುತ್ತವೆ. ಅದಕ್ಕೇ ದಶಕಗಳು ಕಳೆದರೂ ಸೈಟೇಶನ್ ಬರುತ್ತಲೇ ಇರುತ್ತದೆ. ಇದು ದೊಡ್ಡ ಕೊಡುಗೆ. ಆದರೆ ಹೊಸ ಶೋಧವೊಂದಕ್ಕೆ ಬರುವ ಸೈಟೇಶನ್ ಬೇರೆ, ಇದು ಬೇರೆ. ನಕ್ಷೆಯಲ್ಲಿ ಎರಡೂ ಒಂದೇ ಬಣ್ಣದಲ್ಲಿ ಕಾಣುತ್ತವೆ.

ಬೆಂಚ್ ಬದಿ
ಇವೆಲ್ಲ ಕೇಳಲು ಚೆನ್ನಾಗಿದೆ. ಪಿಎಚ್‌ಡಿ ಮುಗಿಸಿ ಕೆಲಸಕ್ಕೆ ಅರ್ಜಿ ಹಾಕುವಾಗ ಕಥೆ ಬೇರೆ. ಸಂದರ್ಶನದ ಮೇಜಿನ ಮೇಲೆ ಅರ್ಜಿಗಳ ರಾಶಿ ಇರುತ್ತದೆ. ಎಲ್ಲರ ಪೇಪರ್ ಓದಲು ಅವರಿಗೆ ಸಮಯ ಎಲ್ಲಿದೆ? ಜರ್ನಲ್ ಹೆಸರು ನೋಡುತ್ತಾರೆ, ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್‌ನ ಲೇಖನಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬರುತ್ತದೆ ಅನ್ನುವ ಸಂಖ್ಯೆ) ನೋಡುತ್ತಾರೆ. ಇನ್ನೊಂದು ಮಾತು. ದೊಡ್ಡ ಜರ್ನಲ್‌ಗಳಲ್ಲಿ ಪರಿಶೀಲನೆ ನಿಜವಾಗಿಯೂ ಬಿಗಿಯಾಗಿರುತ್ತದೆ. ಅಂಕಿಅಂಶ ನೋಡಲು ಬೇರೆಯೇ ಪರಿಶೀಲಕರು ಇರುತ್ತಾರೆ. ಟ್ರಯಲ್ ಶುರುವಾಗುವ ಮೊದಲೇ ನೋಂದಣಿ ಆಗಿರಬೇಕು ಅಂತ ಕೇಳುತ್ತಾರೆ. ಹಾಗಾಗಿ ಆ ಸಂಖ್ಯೆಗೆ ಅರ್ಥವೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೆಲಸ ಇನ್ನೂ ಸಿಗದವರ ಮುಂದೆ ಹಾಗೆ ಹೇಳುವುದು ನ್ಯಾಯವೂ ಅಲ್ಲ.

ಸರಾಸರಿ
ಬೆಂಚ್ ಬದಿ ಅವರೇ, ಕೆಲಸದ ಕಷ್ಟ ನಿಜ. ಅದಕ್ಕಾಗಿಯೇ ಆ ಸಂಖ್ಯೆ ಹೇಗೆ ಹುಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತಿರಬೇಕು ಅನ್ನುತ್ತೇನೆ. ಸುಮ್ನೆ ಒಂದು ಲೆಕ್ಕ ಹಾಕೋಣ.

ಒಂದು ಜರ್ನಲ್ 2022 ಮತ್ತು 2023ರಲ್ಲಿ ಒಟ್ಟು 200 ಲೇಖನ ಪ್ರಕಟಿಸಿದೆ ಅಂದುಕೊಳ್ಳಿ. 2024ರಲ್ಲಿ ಅವುಗಳಿಗೆ 1,000 ಸೈಟೇಶನ್ ಬಂದರೆ ಆ ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ 5. ಈಗ ಆ 200ರಲ್ಲಿ ಒಂದು ಮಾತ್ರ ಹೊಸ ರೋಗನಿರ್ಣಯದ ಮಾನದಂಡ, ಅದೊಂದಕ್ಕೇ 400 ಬಂದಿದೆ ಅನ್ನಿ. ಅದನ್ನು ಬದಿಗಿಟ್ಟರೆ ಉಳಿದ 199ಕ್ಕೆ 600, ಅಂದರೆ ಹತ್ತಿರ ಹತ್ತಿರ 3. ನಿಮ್ಮ ಪೇಪರ್ ಆ 199ರಲ್ಲಿ ಒಂದು. ಆದರೆ ಅರ್ಜಿಯಲ್ಲಿ 5 ಅಂತ ಬರೆಯುತ್ತೀರಿ, ಅಲ್ವಾ?

ಇದು ನಾನು ಕಟ್ಟಿದ ಉದಾಹರಣೆ, ನಿಜದ ಚಿತ್ರವೂ ಹೀಗೇ ಇದೆ. 2016ರಲ್ಲಿ ನೇಚರ್, ಸೈನ್ಸ್ ಸೇರಿ ಹನ್ನೊಂದು ಜರ್ನಲ್‌ಗಳ ಸೈಟೇಶನ್ ಹಂಚಿಕೆಯನ್ನು ಬಿಡಿಸಿ ನೋಡಿದರು. ಸುಮಾರು 65ರಿಂದ 75 ಶೇಕಡಾ ಪೇಪರ್‌ಗಳಿಗೆ ತಮ್ಮ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್‌ಗಿಂತ ಕಡಿಮೆ ಸೈಟೇಶನ್ ಬಂದಿತ್ತು. ಕೆಲವೇ ಪೇಪರ್‌ಗಳು ಇಡೀ ಜರ್ನಲ್‌ನ ಸರಾಸರಿಯನ್ನು ಮೇಲಕ್ಕೆತ್ತುತ್ತವೆ. ಇನ್ನೊಂದು ವಿಷಯ, ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕದಲ್ಲಿ ಭಾಗಿಸಬೇಕಾದ ಮೇಲಿನ ಸಂಖ್ಯೆಗೆ ಸಂಪಾದಕೀಯ ಮತ್ತು ಪತ್ರಗಳಿಗೆ ಬಂದ ಸೈಟೇಶನ್ ಕೂಡ ಸೇರುತ್ತದೆ. ಆದರೆ ಕೆಳಗೆ ಭಾಗಿಸುವಾಗ ಮೂಲ ಲೇಖನ ಮತ್ತು ರಿವ್ಯೂಗಳನ್ನು ಮಾತ್ರ ಎಣಿಸುತ್ತಾರೆ. ಪತ್ರ, ಸಂಪಾದಕೀಯ ಜಾಸ್ತಿ ಇರುವ ಜರ್ನಲ್‌ಗೆ ಇದರಿಂದ ಲಾಭ.

ನರತಂತು
ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಬಂದ ಸೈಟೇಶನ್ ಮಾತ್ರ ಎಣಿಸುವ ಆ ಎರಡು ವರ್ಷದ ಕಿಟಕಿಯ ಬಗ್ಗೆಯೂ ಹೇಳಿ ಸರ್. ನರರೋಗಕ್ಕೆ ಅದು ಹೊಂದುವುದೇ ಇಲ್ಲ. ಅಪರೂಪದ ಕಾಯಿಲೆಯೊಂದರಲ್ಲಿ ರೋಗಿಗಳನ್ನು ಸೇರಿಸಿಕೊಳ್ಳಲೇ ವರ್ಷಗಳು ಬೇಕು. ಹಂಟಿಂಗ್ಟನ್ ಕಾಯಿಲೆಯ ಬಗ್ಗೆ ಇವತ್ತು ಬಂದ ಒಳ್ಳೆಯ ಪೇಪರ್ ಓದಿ, ಅದರ ಮೇಲೆ ಇನ್ನೊಬ್ಬರು ಅಧ್ಯಯನ ಕಟ್ಟಿ, ಅದು ಪ್ರಕಟವಾಗುವ ಹೊತ್ತಿಗೆ ಆ ಕಿಟಕಿ ಮುಚ್ಚಿರುತ್ತದೆ.

ಬೇಗ ಓಡುವ ವಿಷಯಕ್ಕೆ ಮಾತ್ರ ಆ ಕಿಟಕಿ ಅನುಕೂಲ. 2020ರ ಏಪ್ರಿಲ್‌ನಲ್ಲಿ ಜಾಮಾ ನ್ಯೂರಾಲಜಿಯಲ್ಲಿ ವುಹಾನ್‌ನ 214 ಕೋವಿಡ್ ರೋಗಿಗಳ ಬಗ್ಗೆ ಒಂದು ಪೇಪರ್ ಬಂತು. 36.4 ಶೇಕಡಾ ರೋಗಿಗಳಲ್ಲಿ ನರಸಂಬಂಧಿ ಲಕ್ಷಣ ಕಂಡವು ಅಂತ ಅದರಲ್ಲಿತ್ತು. ಆಸ್ಪತ್ರೆಯ ಕೇಸ್ ಶೀಟ್‌ಗಳನ್ನು ಹಿಂತಿರುಗಿ ನೋಡಿ ಬರೆದದ್ದು. ಆ ಸಮಯಕ್ಕೆ ತುಂಬ ಬೇಕಾಗಿದ್ದ ಪೇಪರ್, ಸಾವಿರಗಟ್ಟಲೆ ಸೈಟೇಶನ್ ಬಂತು. ಅಂಥ ಪೇಪರ್‌ಗಳಿಂದ ಹಲವು ಜರ್ನಲ್‌ಗಳ ಇಂಪ್ಯಾಕ್ಟ್ ಫ್ಯಾಕ್ಟರ್ ಏರಿ, ಕೋವಿಡ್ ಪೇಪರ್‌ಗಳು ಕಿಟಕಿಯಿಂದ ಹೊರಹೋದ ಮೇಲೆ ಇಳಿಯಿತು. ಜರ್ನಲ್‌ಗಳ ಗುಣಮಟ್ಟ ಆ ನಡುವೆ ಏರಿ ಇಳಿದಿತ್ತೇ?

ಓದುವ ಮಗಳು
ನಾನು ಸಂಶೋಧಕಿ ಅಲ್ಲ. ನಮ್ಮ ಅಮ್ಮನಿಗೆ ಅಲ್ಝೈಮರ್. ಹೊಸ ಔಷಧದ ಸುದ್ದಿ ಬಂದಾಗಲೆಲ್ಲ ಮೂಲ ಪೇಪರ್ ಹುಡುಕಿ ಓದಲು ನೋಡುತ್ತೇನೆ. ಎಷ್ಟು ಸಲ ಸೈಟ್ ಆಗಿದೆ ಅಂತ ನೋಡಿ ನಂಬಬಹುದೋ ಬೇಡವೋ ತೀರ್ಮಾನ ಮಾಡುತ್ತಿದ್ದೆ. ಈಗ 2006ರ ನೇಚರ್ ಪೇಪರ್ ಹಿಂತೆಗೆದುಕೊಂಡ ವಿಷಯ ಓದಿದ ಮೇಲೆ ಭಯವಾಗಿದೆ. ನಮ್ಮಂಥವರು ಏನು ನೋಡಬೇಕು?

ಸರಾಸರಿ
ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಅಲ್ಝೈಮರ್ ಇರುವವರ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಪ್ರೋಟೀನಿನ ಒಂದು ನಿರ್ದಿಷ್ಟ ಗುಂಪು ಇಲಿಗಳಲ್ಲಿ ನೆನಪಿನ ಶಕ್ತಿ ಕುಗ್ಗಿಸುತ್ತದೆ ಅಂತ ಆ ಪೇಪರ್ ಹೇಳಿತ್ತು. 2022ರ ಜುಲೈನಲ್ಲಿ ಸೈನ್ಸ್ ಪತ್ರಿಕೆ ಅದರ ಚಿತ್ರಗಳ ಬಗ್ಗೆ ದೊಡ್ಡ ತನಿಖಾ ವರದಿ ಹಾಕಿತು. ಪ್ರೋಟೀನ್ ಪಟ್ಟಿಗಳ ಚಿತ್ರವನ್ನು ತಿದ್ದಿದಂತೆ ಕಾಣುತ್ತದೆ ಅನ್ನುವುದು ಅನುಮಾನ. ಆ ಹೊತ್ತಿಗೆ ಅದಕ್ಕೆ 2,000ಕ್ಕೂ ಜಾಸ್ತಿ ಸೈಟೇಶನ್ ಬಂದಿತ್ತು. ಪೇಪರ್ ಹಿಂತೆಗೆದುಕೊಂಡದ್ದು 2024ರಲ್ಲಿ. ಹದಿನೆಂಟು ವರ್ಷ! ಅಷ್ಟೂ ಸೈಟೇಶನ್‌ಗಳಲ್ಲಿ ಎಷ್ಟು ಜನ ಆ ಪ್ರಯೋಗವನ್ನು ತಾವೇ ಮಾಡಿ ನೋಡಿದ್ದರು, ಎಷ್ಟು ಜನ ಪೀಠಿಕೆಯಲ್ಲಿ ಒಂದು ಸಾಲು ಬರೆದು ಮುಂದೆ ಹೋದರು? ಸೈಟೇಶನ್ ಸಂಖ್ಯೆ ಇದನ್ನು ಹೇಳುವುದಿಲ್ಲ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ಬೆಂಚ್ ಬದಿ
ಇಲ್ಲಿ ಸ್ವಲ್ಪ ಎಚ್ಚರ ಬೇಕು. ಆ ಒಂದು ಪೇಪರ್ ಬಿದ್ದರೆ ಅಮಿಲಾಯ್ಡ್ ಸಂಶೋಧನೆಯೆಲ್ಲ ಬಿತ್ತು ಅಂತ ಎಷ್ಟೋ ಕಡೆ ಬರೆಯುತ್ತಾರೆ. ಅದು ಸರಿಯಲ್ಲ. ಅಮಿಲಾಯ್ಡ್ ಮೂಲದ ಜೀನ್‌ನಲ್ಲಿ ರೂಪಾಂತರ ಇರುವ ಕುಟುಂಬಗಳಲ್ಲಿ ಚಿಕ್ಕ ವಯಸ್ಸಿಗೇ ಅಲ್ಝೈಮರ್ ಬರುತ್ತದೆ ಅನ್ನುವುದು 1991ರಲ್ಲೇ ಗೊತ್ತಾಗಿತ್ತು. ಆ ಸಾಕ್ಷ್ಯ ಈ ಪೇಪರ್ ಮೇಲೆ ನಿಂತಿಲ್ಲ. ಆ ಪೇಪರ್ ಬಂದದ್ದು ನಾನು ಹೊಗಳಿದ ದೊಡ್ಡ ಜರ್ನಲ್‌ನಲ್ಲೇ ಅಂತ ನೀವು ಹೇಳಬಹುದು. ಹೌದು. ಆದರೆ ದೊಡ್ಡ ಜರ್ನಲ್‌ನಲ್ಲಿ ಬಂದದ್ದರಿಂದಲೇ ಅಷ್ಟು ಜನ ಅದನ್ನು ಮತ್ತೆ ಮತ್ತೆ ನೋಡಿದರು ಅನ್ನುವುದೂ ನಿಜ. ಚಿಕ್ಕ ಜರ್ನಲ್‌ನಲ್ಲಿದ್ದಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನರತಂತು
ಮಗಳೇ, ನಿಮಗೆ ಒಂದು ದಾರಿ ಹೇಳುತ್ತೇನೆ. ಅಲ್ಝೈಮರ್‌ಗೆ ಬಂದ ಲೆಕಾನೆಮ್ಯಾಬ್ ಔಷಧದ ಟ್ರಯಲ್ ತೆಗೆದುಕೊಳ್ಳಿ. 1,795 ಜನರ ಮೇಲೆ, 18 ತಿಂಗಳು. ಔಷಧ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಇದ್ದ ವ್ಯತ್ಯಾಸ 0.45 ಅಂಕ, ಅದೂ ನೆನಪು ಮತ್ತು ದಿನನಿತ್ಯದ ಕೆಲಸ ಎಷ್ಟು ಕೆಟ್ಟಿದೆ ಅಂತ ಹೇಳುವ 18 ಅಂಕದ ಅಳತೆಯಲ್ಲಿ. ಎರಡೂ ಗುಂಪಿನವರ ಸ್ಥಿತಿ ಹದಗೆಟ್ಟಿತು, ಔಷಧ ತೆಗೆದುಕೊಂಡವರದು ಸ್ವಲ್ಪ ನಿಧಾನವಾಗಿ. ಕೆಲವರಿಗೆ ಮಿದುಳಿನಲ್ಲಿ ಊತ, ಸಣ್ಣ ರಕ್ತಸ್ರಾವ ಕಂಡಿತು. ನೀವು ನೋಡಬೇಕಾದದ್ದು ಇವು: ಎಷ್ಟು ಜನ, ಎಷ್ಟು ಕಾಲ, ಎಷ್ಟು ವ್ಯತ್ಯಾಸ, ಏನು ತೊಂದರೆ. ಇಲಿಯ ಮೇಲಿನ ಪ್ರಯೋಗವೋ ಮನುಷ್ಯರ ಮೇಲಿನದೋ ಅಂತ ಮೊದಲೇ ನೋಡಿ. ನಿಮ್ಮ ಅಮ್ಮನ ವೈದ್ಯರ ಹತ್ತಿರ ಆ 0.45ರ ಬಗ್ಗೆಯೇ ಕೇಳಿ. ಅದು ಬಹಳ ಒಳ್ಳೆಯ ಪ್ರಶ್ನೆ.

ಓದುವ ಮಗಳು
ತುಂಬ ಧನ್ಯವಾದ ಡಾಕ್ಟ್ರೇ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಪುಸ್ತಕದ ಕಪಾಟು
ಟ್ರೆಂಡ್ ನಕ್ಷೆಗಳ ಮೇಲೆ ನನ್ನ ದೊಡ್ಡ ತಕರಾರು ಇನ್ನೂ ಹೇಳಿಲ್ಲ. ಅವು ತೋರಿಸುವುದು ಹೆಚ್ಚಾಗಿ ಇಂಗ್ಲಿಷ್‌ನಲ್ಲಿ, ಆ ಡೇಟಾಬೇಸ್ ಪಟ್ಟಿ ಮಾಡಿಕೊಂಡ ಜರ್ನಲ್‌ಗಳಲ್ಲಿ, ಹಣ ಸಿಕ್ಕಿದ ವಿಷಯಗಳ ಮೇಲೆ ಬಂದ ಪೇಪರ್‌ಗಳನ್ನು. ಜನ ಯಾವುದರಿಂದ ನರಳುತ್ತಿದ್ದಾರೆ ಅನ್ನುವುದು ಅಲ್ಲಿ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗ ಇದೆ. ಅವರಲ್ಲಿ ಹತ್ತಿರ ಹತ್ತಿರ 80 ಶೇಕಡಾ ಜನ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿದ್ದಾರೆ. ಲಾಡಿಹುಳುವಿನ ಮರಿಗಳು ಮಿದುಳಿನಲ್ಲಿ ಸೇರಿ ಬರುವ ಮೂರ್ಛೆಯನ್ನು ತಡೆಯಬಹುದು. ಆದರೆ ನಕ್ಷೆಯಲ್ಲಿ ಅದರ ಗುಳ್ಳೆ ಹುಡುಕಿದರೆ ಒಂದು ಚುಕ್ಕೆ ಸಿಕ್ಕೀತು. ಮುಂದಿನ ಸಂಶೋಧಕರು ಆ ನಕ್ಷೆ ನೋಡಿ, ದೊಡ್ಡ ಗುಳ್ಳೆ ಇರುವ ಕಡೆಗೇ ಓಡುತ್ತಾರೆ. ಅಲ್ಲಿ ಇನ್ನಷ್ಟು ಪೇಪರ್, ಇನ್ನಷ್ಟು ಸೈಟೇಶನ್. ಚುಕ್ಕೆ ಚುಕ್ಕೆಯಾಗಿಯೇ ಉಳಿಯುತ್ತದೆ.

ಬೆಂಚ್ ಬದಿ
ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಬದಲಿ ಏನು ಮೇಡಂ? ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವ್ಯಕ್ತಿಯನ್ನು ಅಳೆಯಬೇಡಿ ಅಂತ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ ಬಂತು. ಸಹಿ ಹಾಕಿದ ಸಂಸ್ಥೆಗಳು ಎಷ್ಟೋ ಇವೆ. ಅರ್ಜಿಯ ನಮೂನೆಯಲ್ಲಿ ಆ ಕಾಲಂ ನನಗೆ ಈಗಲೂ ಕಾಣುತ್ತಿದೆ.

ಪುಸ್ತಕದ ಕಪಾಟು
ಬದಲಾವಣೆ ನಿಧಾನ, ಆದರೆ ಆಗುತ್ತಿದೆ. 2023ರ ಏಪ್ರಿಲ್‌ನಲ್ಲಿ ನ್ಯೂರೋಇಮೇಜ್ ಜರ್ನಲ್‌ನ 40ಕ್ಕೂ ಹೆಚ್ಚು ಸಂಪಾದಕರು ಒಟ್ಟಿಗೆ ರಾಜೀನಾಮೆ ಕೊಟ್ಟರು. ಒಂದು ಪೇಪರ್ ಪ್ರಕಟಿಸಲು ಲೇಖಕರು 3,450 ಡಾಲರ್ ಕೊಡಬೇಕಿತ್ತು. ಪ್ರಕಾಶಕರಾದ ಎಲ್ಸೆವಿಯರ್ ಅದನ್ನು ಇಳಿಸಲು ಒಪ್ಪಲಿಲ್ಲ. ಸಂಪಾದಕರು ಎಂಐಟಿ ಪ್ರೆಸ್ ಜೊತೆ ಸೇರಿ ಇಮೇಜಿಂಗ್ ನ್ಯೂರೋಸೈನ್ಸ್ ಅಂತ ಹೊಸ ಜರ್ನಲ್ ಶುರು ಮಾಡಿದರು. ಹೊಸ ಜರ್ನಲ್‌ಗೆ ಶುರುವಿನಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವುದಿಲ್ಲ. ಅದು ಗೊತ್ತಿದ್ದೂ ಹೊರಬಂದರು. ಹೆಸರು ಮಾಡಿದ ಹಿರಿಯರು ಮೊದಲು ಹೆಜ್ಜೆ ಇಟ್ಟರೆ ಕಿರಿಯರಿಗೆ ಭಯ ಕಡಿಮೆಯಾಗುತ್ತದೆ.

ನ್ಯೂರೋ ಪಿಜಿ
ಎಲ್ಲರ ಮಾತನ್ನೂ ಓದಿದೆ. ವಿಷಯವನ್ನು ಹೀಗೆ ಬದಲಿಸಿದರೆ ಹೇಗೆ? ಪಾರ್ಶ್ವವಾಯು ನಕ್ಷೆ ಬಿಟ್ಟು, ನರರೋಗದಲ್ಲಿ ಹಿಂತೆಗೆದುಕೊಂಡ ಪೇಪರ್‌ಗಳನ್ನು ಆಮೇಲೂ ಯಾರು ಸೈಟ್ ಮಾಡುತ್ತಿದ್ದಾರೆ, ಏನಂತ ಬರೆದು ಸೈಟ್ ಮಾಡುತ್ತಿದ್ದಾರೆ ಅಂತ ನೋಡುವುದು. ರೋಗಿಗಳ ಮಾಹಿತಿ ಇದಕ್ಕೂ ಬೇಡ, ಹಾಗಾಗಿ ಗೈಡ್ ಒಪ್ಪಬಹುದು.

ಪುಸ್ತಕದ ಕಪಾಟು
ಬಹಳ ಒಳ್ಳೆಯದು. ಹಿಂತೆಗೆದುಕೊಂಡ ಪೇಪರ್‌ಗಳ ಪಟ್ಟಿ ರಿಟ್ರಾಕ್ಷನ್ ವಾಚ್ ಡೇಟಾಬೇಸ್‌ನಲ್ಲಿದೆ. 2023ರಲ್ಲಿ ಪೇಪರ್‌ಗಳ ಮಾಹಿತಿ ದಾಖಲಿಸುವ ಕ್ರಾಸ್‌ರೆಫ್ ಸಂಸ್ಥೆ ಅದನ್ನು ಕೊಂಡ ಮೇಲೆ ಎಲ್ಲರಿಗೂ ಉಚಿತ. ಯಾರು ಯಾರನ್ನು ಸೈಟ್ ಮಾಡಿದ್ದಾರೆ ಅನ್ನುವುದು ಓಪನ್‌ಅಲೆಕ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ದುಬಾರಿ ಚಂದಾ ಬೇಕಿಲ್ಲ.

ಸರಾಸರಿ
ಸಾಫ್ಟ್‌ವೇರ್ ಮೇಲೆ ಬಿಡಬೇಡಿ, ಪ್ರತಿ ಸೈಟೇಶನ್ ಇರುವ ವಾಕ್ಯವನ್ನು ತೆಗೆದು ಓದಿ. ಬೆಂಬಲಿಸಲು ಬರೆದದ್ದೋ, ಪ್ರಶ್ನಿಸಲು ಬರೆದದ್ದೋ, ಸುಮ್ನೆ ಪೀಠಿಕೆಗೆ ಸೇರಿಸಿದ್ದೋ, ಹಿಂತೆಗೆದುಕೊಂಡ ವಿಷಯ ಹೇಳಿದ್ದಾರೋ ಇಲ್ಲವೋ ಅಂತ ಗುರುತು ಹಾಕಿ. ಇಬ್ಬರು ಬೇರೆ ಬೇರೆಯಾಗಿ ಓದಿ, ಆಮೇಲೆ ಎಷ್ಟು ಹೊಂದುತ್ತದೆ ಅಂತ ನೋಡಬೇಕು. ವರ್ಗಗಳನ್ನು ಎಣಿಕೆ ಶುರುವಾಗುವ ಮೊದಲೇ ಬರೆದು ನೋಂದಣಿ ಮಾಡಿಬಿಡಿ. ಹಿಂತೆಗೆದುಕೊಂಡ ದಿನಕ್ಕೂ ಸೈಟ್ ಮಾಡಿದ ಪೇಪರ್ ಬಂದ ದಿನಕ್ಕೂ ನಡುವೆ ಒಂದು ವರ್ಷವಾದರೂ ಬಿಡಿ. ಅಷ್ಟರಲ್ಲಿ ಅಚ್ಚಿಗೆ ಹೋಗಿದ್ದವರನ್ನು ದೂರುವುದು ನ್ಯಾಯವಲ್ಲ.

ನರತಂತು
ಎರಡನೇ ಓದುಗ ಬೇಕಾದರೆ ನಾನಿದ್ದೇನೆ. ಅಲ್ಝೈಮರ್ ಮತ್ತು ಪಾರ್ಶ್ವವಾಯು ಪೇಪರ್‌ಗಳನ್ನು ನನಗೆ ಕೊಡಿ.

ಬೆಂಚ್ ಬದಿ
ಒಳ್ಳೆಯ ಕೆಲಸ, ಮಾಡಿ. ಆದರೆ ನನ್ನ ಮಾತು ಬದಲಾಗಿಲ್ಲ. ಬರೆದು ಮುಗಿಸಿದ ಮೇಲೆ ಮೊದಲು ದೊಡ್ಡ ಜರ್ನಲ್‌ಗೇ ಕಳಿಸಿ. ಇಂಥ ಪೇಪರ್ ಓದಬೇಕಾದವರು ಅಲ್ಲೇ ಇದ್ದಾರೆ.