ಅಪ್ಪನ ಸ್ಮಾರ್ಟ್‌ವಾಚಿನ ಚಾರ್ಜು ಎರಡೇ ದಿನ ಬರುತ್ತಿದೆ, ಅನುಭವ ಇದ್ದವರು ಹೇಳಿ

ಪೆರ್ಲದವ, ಈಗ ಮಂಗಳೂರಿನಲ್ಲಿ

ಹೋದ ವರ್ಷ ವಿಷುವಿಗೆ ತಂದೆಯವರಿಗೆ 4,499 ರೂಪಾಯಿಯ ಸ್ಮಾರ್ಟ್‌ವಾಚ್ ತೆಗೆದುಕೊಟ್ಟಿದ್ದೆ. ಅಮೊಲೆಡ್ ಪರದೆ, ಬ್ಲೂಟೂತ್ ಕರೆ ಇರುವಂಥದ್ದು. ಅವರಿಗೆ ಎದೆಬಡಿತ ಏರುಪೇರಾಗುವ ತೊಂದರೆ ಇದೆ, ಹಗಲು ತೋಟದಲ್ಲಿ ಒಬ್ಬರೇ ಇರುತ್ತಾರೆ. ಮೊದಲು ಏಳು ದಿನ ಬರುತ್ತಿದ್ದ ಚಾರ್ಜು ಈಗ ಎರಡು ದಿನಕ್ಕೆ ಮುಗಿಯುತ್ತದೆ. ರಾತ್ರಿ ಚಾರ್ಜಿಗಿಟ್ಟು ಬೆಳಿಗ್ಗೆ ಕಟ್ಟಿಕೊಳ್ಳಲು ಮರೆತು ತೋಟಕ್ಕೆ ಇಳಿದುಬಿಡುತ್ತಾರೆ, ನನ್ನ ಚಿಂತೆ ಅದು. ವಾರಂಟಿ ಮುಗಿದು ಎರಡು ತಿಂಗಳಾಯಿತು. ಬ್ಯಾಟರಿ ಹಾಕಿಸಲೇ, ಹೊಸದು ಕೊಳ್ಳಲೇ, ಅಥವಾ ಯಾವುದಾದರೂ ಸೌಲಭ್ಯ ಆಫ್ ಮಾಡಿದರೆ ಸಾಕೇ?

ನೀರ್ಚಾಲಿನ ನಿವೃತ್ತ ಮೇಷ್ಟ್ರು

ಬ್ಯಾಟರಿ ಹಾಕಿಸುವ ಯೋಚನೆಯನ್ನು ಇವತ್ತೇ ಬಿಟ್ಟುಬಿಡಿ. ನನ್ನ ಲೆಕ್ಕ ಡೈರಿಯಲ್ಲಿದೆ, ಹೇಳುತ್ತೇನೆ. ವಾಚು 3,299. ಹದಿನೆಂಟನೆಯ ತಿಂಗಳಿಗೆ ಬೆಳಿಗ್ಗೆ ಕಟ್ಟಿದರೆ ರಾತ್ರಿ ಊಟದ ಹೊತ್ತಿಗೆ ಕಣ್ಣು ಮುಚ್ಚುತ್ತಿತ್ತು. ಪೇಟೆಯ ಅಂಗಡಿಯೊಂದರಲ್ಲಿ ‘ಅರ್ಧ ಗಂಟೆಯ ಕೆಲಸ’ ಎಂದರು. ಬ್ಯಾಟರಿಗೆ 650, ಕೂಲಿ 300. ಅರ್ಧ ಗಂಟೆ ಎಂದದ್ದು ಒಂಬತ್ತು ದಿನವಾಯಿತು, ಮೂರು ಸಲ ಬಸ್ಸಿನಲ್ಲಿ ಹೋಗಿ ಬಂದದ್ದಕ್ಕೆ 150. ನನ್ನ ಕಣ್ಣೆದುರೇ ಬಿಸಿಗಾಳಿಯ ಯಂತ್ರ ಹಿಡಿದು ಗಾಜು ಎಬ್ಬಿಸಿದರು. ಎಡ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿತ್ತು. ಕೇಳಿದರೆ, ‘ಅದು ಮೊದಲೇ ಇತ್ತಲ್ಲ ಮೇಷ್ಟ್ರೇ’ ಎಂದರು.

ಸುಳ್ಳು ಹೇಳಬಾರದು, ಆಮೇಲೆ ನಾಲ್ಕು ದಿನ ಬರುತ್ತಿತ್ತು. ಆದರೆ ಎಡವಪಾತಿಯ, ಎಂದರೆ ಮುಂಗಾರಿನ, ಮೊದಲ ಮಳೆಗೇ ಗಾಜಿನೊಳಗೆ ಹಬೆ ಕಟ್ಟಿತು. ಯಾರೋ ಹೇಳಿದರೆಂದು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ. ಮೂರನೆಯ ದಿನ ನಮ್ಮವರು ಗಂಜಿಗೆ ಅಕ್ಕಿ ಅಳೆಯುವಾಗ ಪಾವಿನೊಳಗೆ ವಾಚು ಬಂತು. ಒಟ್ಟು 4,399 ರೂಪಾಯಿ. ಚಹಾದ ಲೆಕ್ಕ ಹಿಡಿದಿಲ್ಲ.

ಉಪ್ಪಳದ ರಿಪೇರಿಯವ

ಮೇಷ್ಟ್ರೇ, 300 ರೂಪಾಯಿ ಕೂಲಿಯಲ್ಲಿ ಕಂಪೆನಿಯ ಜಲನಿರೋಧಕ ಅಂಟನ್ನೂ ನಿರೀಕ್ಷಿಸಿದರೆ ಹೇಗೆ? ಇಂಥ ವಾಚು ಒಮ್ಮೆ ತೆರೆದ ಮೇಲೆ ನೀರಿಗೆ ಇಳಿಸಬಾರದೆಂದು ನಾನು ಗಿರಾಕಿಗಳಿಗೆ ಮೊದಲೇ ಹೇಳಿ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಎಲ್ಲ ರಿಪೇರಿಯವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮೊಬೈಲಿನೊಳಗೆ 5,000 ಎಂಎಎಚ್ ಬ್ಯಾಟರಿ ಇದ್ದರೆ ವಾಚಿನೊಳಗೆ ಇರುವುದು ಮುನ್ನೂರರ ಆಸುಪಾಸು. ಅಂಚೆಚೀಟಿಯಷ್ಟು ಗಾತ್ರದ್ದು. ಅದು ವಾರಗಟ್ಟಲೆ ಬರಬೇಕು, ಎದೆಬಡಿತ ನೋಡಬೇಕು, ಫೋನೂ ಎತ್ತಬೇಕು. ಕಳೆದ ತಿಂಗಳು ಒಬ್ಬರು ತಂದ ವಾಚಿನ ಗಾಜು ತಾನಾಗಿ ಎದ್ದು ನಿಂತಿತ್ತು, ಒಳಗೆ ಬ್ಯಾಟರಿ ಹಪ್ಪಳದ ಹಾಗೆ ಉಬ್ಬಿತ್ತು. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕಾರಿನ ಮುಂಭಾಗದಲ್ಲಿ ಇಟ್ಟು ಚಾರ್ಜು ಮಾಡುತ್ತಿದ್ದರಂತೆ. ಲಿಥಿಯಂ ಬ್ಯಾಟರಿಗೆ ಬಿಸಿಯಂಥ ವೈರಿ ಬೇರೆ ಇಲ್ಲ. ಪೆರ್ಲದವರೇ, ಚಾರ್ಜಿನ ವಯರು ಹಳೆಯದೇ ಅಥವಾ ಬದಲಿಸಿದ್ದೇ? ಅದನ್ನು ಮೊದಲು ಹೇಳಿ.

ಕುಂಬಳೆಯ ಚೆಂಡೆ

ನನ್ನದು ಬೇರೆಯೇ ಕಥೆ. ಕೈ ಎತ್ತಿದರೆ ಪರದೆ ಬೆಳಗುವ ಸೌಲಭ್ಯ ಇದೆಯಲ್ಲ, ಅದನ್ನು ನಾನು ಆಫ್ ಮಾಡಿರಲಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ. ಚೆಂಡೆಯ ಕೋಲು ಮೇಲೆ ಹೋದಾಗಲೆಲ್ಲ ಮಣಿಕಟ್ಟಿನಲ್ಲಿ ಪಕ್ಕನೆ ಬೆಳಕು. ಭಾಗವತರು ನಡುವಿನಲ್ಲಿ, ‘ಅದೇನಯ್ಯಾ ಮಿಂಚುಹುಳ’ ಎಂದು ಕೇಳಿದರು. ಒಂಬತ್ತು ಗಂಟೆಗೆ 100 ಇದ್ದದ್ದು ಮಹಿಷಾಸುರ ಬರುವ ಹೊತ್ತಿಗೆ 31. ಬೆಳಿಗ್ಗೆ ನೋಡಿದರೆ ಹತ್ತೊಂಬತ್ತು ಸಾವಿರ ಹೆಜ್ಜೆ ನಡೆದಿದ್ದೇನೆಂದು ಅಭಿನಂದನೆ! ಇದ್ದ ಜಾಗದಿಂದ ಅಲುಗಾಡಿರಲಿಲ್ಲ. ಆ ಒಂದನ್ನು ಆಫ್ ಮಾಡಿದೆ, ಗುಂಡಿ ಒತ್ತಿದರೆ ಮಾತ್ರ ಬೆಳಗುವಂತೆ ಮಾಡಿದೆ, ಈಗ ಐದು ದಿನ ಧಾರಾಳ.

ಚೆರ್ಕಳದ ದಾದಿ

ನನ್ನ ವಾಚಿಗೆ ಎರಡು ವರ್ಷ ತುಂಬಿದೆ, ಇವತ್ತಿಗೂ ಆರು ದಿನ ಬರುತ್ತದೆ. ಜಂಬವೆಂದು ಯಾರು ಬೇಕಾದರೂ ತಿಳಿದುಕೊಳ್ಳಿ. ರಕ್ತದ ಆಮ್ಲಜನಕ ಸದಾ ಅಳೆಯುವುದನ್ನು ಕೊಂಡ ದಿನವೇ ಆಫ್ ಮಾಡಿದ್ದೆ. ಕೆಂಪು ಮತ್ತು ಅವಕೆಂಪು ದೀಪ ರಾತ್ರಿಯೆಲ್ಲ ಉರಿದು ಬರೆದಿಡುವ ಆ ಅಂಕಿಯನ್ನು ನೋಡುವವರು ಯಾರು? ಬೇಕೆನಿಸಿದಾಗ ಬೆರಳಿಗೆ ಹಾಕುವ ಉಪಕರಣ ಇದೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಪಟ್ಟಿ ಸಡಿಲವಾಗಿದ್ದರೆ ಎದೆಬಡಿತ ಅಳೆಯುವ ಹಸಿರು ದೀಪಕ್ಕೆ ನಾಡಿ ಸಿಗುವುದಿಲ್ಲ. ಸಂಕೇತ ದುರ್ಬಲವಾದರೆ ದೀಪದ ಪ್ರಖರತೆಯನ್ನೂ ಅಳೆಯುವ ವೇಗವನ್ನೂ ಹೆಚ್ಚಿಸಿಕೊಳ್ಳುತ್ತದೆಂದು ಆಪಲ್‌ನವರೇ ತಮ್ಮ ವಾಚಿನ ವಿಷಯದಲ್ಲಿ ಬರೆದಿದ್ದಾರೆ. ಬಳೆಯಂತೆ ನೇತಾಡಿಸಿಕೊಂಡು ‘ಚಾರ್ಜು ನಿಲ್ಲುವುದಿಲ್ಲ’ ಎನ್ನುವವರನ್ನು ದಿನವೂ ನೋಡುತ್ತೇನೆ.

ನನಗೆ ಪೆಟ್ಟು ಕೊಟ್ಟದ್ದು ಫೋನಿನ ದೂರ. ಡ್ಯೂಟಿಯಲ್ಲಿ ಫೋನನ್ನು ಲಾಕರಿನಲ್ಲಿ ಇಡಬೇಕು. ಸಂಪರ್ಕ ತಪ್ಪಿದ ವಾಚು ಎಂಟು ಗಂಟೆ ತಾಯಿಯನ್ನು ಕಳೆದುಕೊಂಡ ಕರುವಿನಂತೆ ಫೋನನ್ನು ಹುಡುಕುತ್ತಲೇ ಇರುತ್ತಿತ್ತು. ಈಗ ಡ್ಯೂಟಿಗೆ ಹೋಗುವ ಮೊದಲು ಏರೋಪ್ಲೇನ್ ಮೋಡ್.

ಮುಳ್ಳೇರಿಯ ಬಿಸಿಲು

ಐದು ದಿನ, ಆರು ದಿನ ಎಂದು ಸಂಭ್ರಮಿಸುವುದನ್ನು ಓದಿ ನಗು ಬಂತು. ನನ್ನದು ಗಾರ್ಮಿನ್ ಇನ್‌ಸ್ಟಿಂಕ್ಟ್ 2 ಸೋಲಾರ್. ಬಿಸಿಲು ಇಲ್ಲದಿದ್ದರೂ 28 ದಿನ ಎಂದು ಕಂಪೆನಿಯೇ ಹೇಳುತ್ತದೆ, ನನಗೆ 24 ಬರುತ್ತದೆ. ಹಣ ಕೊಟ್ಟಿದ್ದೇನೆ, ನೆಮ್ಮದಿ ತೆಗೆದುಕೊಂಡಿದ್ದೇನೆ. ಮೂರು ಸಾವಿರದ ವಾಚು ಕೊಂಡು ಮೂರು ವರ್ಷ ಅಳುವುದಕ್ಕಿಂತ ಒಮ್ಮೆ ಅತ್ತು ಮುಗಿಸುವುದು ಒಳ್ಳೆಯದು. ಬಣ್ಣಬಣ್ಣದ ಪರದೆ ಬೇಕೆಂದವರು ಚಾರ್ಜರಿನ ಪಕ್ಕದಲ್ಲೇ ಮಲಗಲಿ.

ನೀರ್ಚಾಲಿನ ನಿವೃತ್ತ ಮೇಷ್ಟ್ರು

ಸೋಲಾರ್‌ನವರೇ, ಬಿಸಿಲಿನಿಂದ ಲೆಕ್ಕವಿಲ್ಲದಷ್ಟು ದಿನ ಬರಬೇಕಾದರೆ ದಿನಕ್ಕೆ 3 ಗಂಟೆ 50,000 ಲಕ್ಸ್, ಎಂದರೆ ಬಯಲಿನ ಬಿಸಿಲಿನಷ್ಟು, ಬೆಳಕು ಬೇಕೆಂದು ಅದೇ ಕಂಪೆನಿ ಬರೆದಿದೆ. ಅಡಿಕೆ ತೋಟದ ನೆರಳಿನಲ್ಲಿ, ಮಳೆ ಸುರಿಯುವ ಆಟಿ ತಿಂಗಳಿನಲ್ಲಿ, ನಿಮಗೆ ಅಷ್ಟು ಬೆಳಕು ಎಲ್ಲಿಂದ ಬರುತ್ತದೆ? ಸೂರ್ಯನಿಗಾಗಿ ಕೊಟ್ಟ ಹೆಚ್ಚುವರಿ ದುಡ್ಡು ನೆರಳಿಗೆ ಹೋಯಿತು ಎನ್ನಿ.

ಮುಳ್ಳೇರಿಯ ಬಿಸಿಲು

ಅಕ್ಕಿ ಡಬ್ಬಿಯಲ್ಲಿ ವಾಚು ಬೇಯಿಸಲು ಹೊರಟವರಿಂದ ನನಗೆ ಪಾಠ ಬೇಡ.

ಮಂಜೇಶ್ವರದ ಓಟಗಾರ

ಇಬ್ಬರೂ ಸ್ವಲ್ಪ ಸುಮ್ಮನಿರಿ. ಗಡಿಯಲ್ಲಿ ಇರುವವರ ಕಷ್ಟ ಕೇಳಿ. ನಾನು ಇ–ಸಿಮ್ ಹಾಕುವ, ಎಂದರೆ ಫೋನು ಹತ್ತಿರ ಇಲ್ಲದೆಯೂ ತಾನೇ ಕರೆ ಮಾಡುವ, ವಾಚು ಕೊಂಡೆ, 21,000 ರೂಪಾಯಿ, ಸಾಲದ ಕಂತು ಇನ್ನೂ ನಾಲ್ಕು ಬಾಕಿ. ಫೋನು ಮನೆಯಲ್ಲಿ ಬಿಟ್ಟು ಓಡುವ ಆಸೆ. ಕುಂಜತ್ತೂರಿನಿಂದ ತೂಮಿನಾಡು ದಾಟಿ ತಲಪಾಡಿಗೆ ಹೋಗಿ ಬರುವುದರೊಳಗೆ 100 ಇದ್ದದ್ದು 58. ಜಿಪಿಎಸ್ ಒಂದು ಕಡೆ ಹೀರುತ್ತದೆ, ಹಾಡು ಒಂದು ಕಡೆ. ಅದರ ಮೇಲೆ ಸಿಗ್ನಲ್. ಕೇರಳದ ಗೋಪುರವನ್ನು ಬಿಟ್ಟು ಕರ್ನಾಟಕದ್ದನ್ನು ಹಿಡಿಯುತ್ತದೆ, ಅದನ್ನು ಬಿಟ್ಟು ಮತ್ತೆ ಇದನ್ನು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಪಾಡೂ ಅದೇ ಅಲ್ಲವೇ! ಸಿಗ್ನಲ್ ಕ್ಷೀಣವಾದಷ್ಟೂ ರೇಡಿಯೊ ಹೆಚ್ಚು ಶಕ್ತಿ ತಿನ್ನುತ್ತದೆ. ಈಗ ಇ–ಸಿಮ್ ಆಫ್ ಮಾಡಿ, ಫೋನನ್ನು ಸೊಂಟಕ್ಕೆ ಕಟ್ಟಿಕೊಂಡು ಓಡುತ್ತೇನೆ. ಹಾಗಾದರೆ 21,000 ಏಕೆ ಕೊಟ್ಟೆ ಎಂದು ಮನೆಯಲ್ಲಿ ಕೇಳುತ್ತಾರೆ. ಉತ್ತರ ಇದ್ದವರು ತಿಳಿಸಿ.

ಬದಿಯಡ್ಕದ ಜನತಾ

ನನ್ನ ಕೈಯಲ್ಲಿರುವುದು ಅಜ್ಜನ ಎಚ್‌ಎಂಟಿ ಜನತಾ. ಬೆಳಿಗ್ಗೆ ಕಾಫಿ ಕುಡಿಯುವಾಗ ಕೀ ಕೊಟ್ಟರೆ ಮಾರನೆಯ ದಿನ ಕಾಫಿಯವರೆಗೆ ನಡೆಯುತ್ತದೆ. ವಯರು ಬೇಡ, ಕರೆಂಟು ಬೇಡ. ತುಲಾ ತಿಂಗಳ ಗುಡುಗಿಗೆ ಪ್ಲಗ್ ಕಿತ್ತಿಡುವ ಗಡಿಬಿಡಿಯೂ ಇಲ್ಲ.

ಚೆರ್ಕಳದ ದಾದಿ

ಜನತಾದವರೇ, ನಿಮ್ಮ ಅಜ್ಜನ ವಾಚು ಎದೆಬಡಿತ ತೋರಿಸುತ್ತದೆಯೇ? ಕೇಳಿದವರ ತಂದೆಗೆ ಬೇಕಾದದ್ದು ಅದು. ಅವರ ಪ್ರಶ್ನೆಯನ್ನು ಇಲ್ಲಿ ಯಾರಾದರೂ ಓದಿದ್ದೀರಾ?

ಬದಿಯಡ್ಕದ ಜನತಾ

ನೀವು ಓದಿದ್ದರೆ ನಿಮ್ಮ ಲಾಕರಿನ ಕಥೆ ಅಷ್ಟುದ್ದ ಏಕೆ ಬರೆದಿರಿ ಅಕ್ಕಾ?

ಹೊಸಂಗಡಿಯ ಚೌಕ

ನನ್ನ ವಾಚಿನಲ್ಲಿ ಕನ್ನಡ ಸಂದೇಶವೆಲ್ಲ ಚೌಕ ಚೌಕವಾಗಿ ಬರುತ್ತದೆ. ಮನೆಯವರು ‘ಹಾಲು ತನ್ನಿ’ ಎಂದು ಬರೆದರೆ ಆರು ಚೌಕ, ‘ಬೇಗ ಬನ್ನಿ’ ಎಂದರೂ ಚೌಕ. ಓದಲಾಗದ ಸಂದೇಶಕ್ಕೆ ದಿನಕ್ಕೆ ಇನ್ನೂರು ಸಲ ನಡುಗಿ ಬೆಳಗುತ್ತಿತ್ತು. ಕುಟುಂಬದ ಗುಂಪು, ಶಾಲೆಯ ಗುಂಪು, ಬ್ರಹ್ಮಕಲಶದ ಗುಂಪು ಎಲ್ಲವನ್ನೂ ಆಫ್ ಮಾಡಿ ಕರೆ ಮಾತ್ರ ಇಟ್ಟುಕೊಂಡೆ. ಮೂರು ದಿನ ಇದ್ದದ್ದು ಐದೂವರೆ ಆಯಿತು. ಮಲಯಾಳಂ ಮಾತ್ರ ಸರಿಯಾಗಿ ಬರುತ್ತದಂತೆ, ನಮ್ಮ ಭಾಷೆಗೆ ವಾಚಿನಲ್ಲಿಯೂ ಜಾಗವಿಲ್ಲ.

ಉಪ್ಪಳದ ರಿಪೇರಿಯವ

ಯಾರು ಹೇಳಿದ್ದು? ಅಗ್ಗದ ವಾಚುಗಳಲ್ಲಿ ಮಲಯಾಳಮೂ ಚೌಕವೇ. ನಿನ್ನೆ ತಾನೇ ಒಂದನ್ನು ನೋಡಿದೆ. ಅಕ್ಷರಗಳ ಕಡತ ಹಾಕದೇ ಇರುವುದು ತಯಾರಿಸಿದವರ ಜಿಪುಣತನ, ಇದಕ್ಕೆ ಗಡಿ ಜಗಳ ತರಬೇಡಿ.

ಹೊಸಂಗಡಿಯ ಚೌಕ

ತರುತ್ತೇನೆ. ಕಚೇರಿಯಲ್ಲಿ ಕನ್ನಡದ ಅರ್ಜಿ ನಮೂನೆ ಕೇಳಿ ನಾಲ್ಕು ಸಲ ಹಿಂದೆ ಬಂದವನು ನಾನು, ನೀವಲ್ಲ.

ಅಡೂರಿನ ದೋಟಿ

ಪೆರ್ಲದವರ ತಂದೆ ತೋಟದಲ್ಲಿ ಇರುತ್ತಾರೆಂದು ಓದಿದೆ. ಈಗ ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ಸಮಯ. ಮರ ಹತ್ತುವವರು ಸಿಗದೆ ಹೋದ ವರ್ಷ ನಾನೂ ನೆಲದಲ್ಲಿ ನಿಂತೇ ಮದ್ದು ಬಿಡುವ ಉದ್ದನೆಯ ಕಾರ್ಬನ್ ಕೋಲು, ಅದೇ ದೋಟಿ, ಕೊಂಡೆ, ಅದರ ಬೆಲೆ ಹೇಳಿದರೆ ಇಲ್ಲಿಯ ವಾಚುಗಳೆಲ್ಲ ಸೇರಿಯೂ ಸಮವಾಗಲಿಕ್ಕಿಲ್ಲ. ಮೈಲುತುತ್ತಿನ ನೀರು ಮೇಲಿನಿಂದ ತೋಳಿಗೆ ಇಳಿದು ವಾಚಿನ ಹಿಂಭಾಗಕ್ಕೆ ಹೋಗುತ್ತದೆ. ಚಾರ್ಜಾಗುವ ಎರಡು ಲೋಹದ ಚುಕ್ಕೆಗಳಲ್ಲಿ ಒಂದರ ಮೇಲೆ ನನಗೆ ಪಾಚಿಯಂತೆ ಹಸಿರು ಕಟ್ಟಿತ್ತು. ವಯರು ಅಯಸ್ಕಾಂತಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಪರದೆಯಲ್ಲಿ ಚಾರ್ಜಿನ ಚಿತ್ರವೂ ಒಮ್ಮೆ ಬರುತ್ತದೆ, ಹತ್ತು ನಿಮಿಷ ಕಳೆದು ತಾನಾಗಿ ನಿಂತಿರುತ್ತದೆ. ನಾನು ಗೊತ್ತಾಗದೆ ವಯರು ಬದಲಿಸಿದೆ, 249. ಅದೂ ಹಾಗೆಯೇ. ಇನ್ನೊಂದು, 199. ಮೂರನೆಯದನ್ನು ತರಿಸಿದ ಮೇಲೆ ಹೆಂಡತಿ ವಾಚನ್ನು ತಿರುಗಿಸಿ ನೋಡಿ, ‘ಇದನ್ನು ತೊಳೆಯುವುದಲ್ಲವೇ’ ಎಂದಳು.

ಮುಳ್ಳೇರಿಯ ಬಿಸಿಲು

ಮೈಲುತುತ್ತಿನಿಂದ ಹಾಗೆ ಆಗಬೇಕಾದರೆ ನಿಮ್ಮ ದ್ರಾವಣದಲ್ಲಿ ಸುಣ್ಣ ಕಡಿಮೆ. ನೂರು ಲೀಟರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಕತ್ತಿಯ ಅಲಗು ಅದ್ದಿ ನೋಡುವ ಅಭ್ಯಾಸ ಇದೆಯೇ? ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ. ನಿಮ್ಮ ವಾಚಿನದು ಬರಿಯ ಬೆವರು.

ಅಡೂರಿನ ದೋಟಿ

ಮೂವತ್ತು ವರ್ಷದಿಂದ ಮದ್ದು ಕಲಸುತ್ತಿದ್ದೇನೆ. ಹೋದ ವರ್ಷ ಕೊಳೆರೋಗದಲ್ಲಿ ನನ್ನ ತೋಟದಿಂದ ಎಷ್ಟು ಅಡಿಕೆ ಉದುರಿತು, ನಿಮ್ಮದರಿಂದ ಎಷ್ಟು ಎಂದು ಮೊದಲು ಲೆಕ್ಕ ಹಾಕೋಣ. ಆಮೇಲೆ ಸುಣ್ಣದ ಮಾತು.

ಮುಳ್ಳೇರಿಯ ಬಿಸಿಲು

ನಿಮ್ಮದು ಗುಡ್ಡದ ಬದಿ, ನೀರು ನಿಲ್ಲುವುದಿಲ್ಲ. ನನ್ನದು ಬೈಲು. ಹೋಲಿಸುವುದಕ್ಕೂ ನ್ಯಾಯ ಬೇಕು.

ಚೆರ್ಕಳದ ದಾದಿ

ಚುಕ್ಕೆಗಳನ್ನು ಪಿನ್ನಿನಿಂದ ಕೆರೆಯಬೇಡಿ, ಲೇಪ ಕಿತ್ತುಹೋಗುತ್ತದೆ. ಇಂಜೆಕ್ಷನ್ ಕೊಡುವ ಮೊದಲು ಒರೆಸುವ ಸ್ಪಿರಿಟ್ ಹತ್ತಿಯಿಂದ ಮೆಲ್ಲಗೆ ಉಜ್ಜಿ, ಒಣಗಿದ ಮೇಲೆ ಚಾರ್ಜಿಗಿಡಿ.

ಪೆರ್ಲದವ, ಈಗ ಮಂಗಳೂರಿನಲ್ಲಿ

ಎಲ್ಲರಿಗೂ ವಂದನೆ. ಭಾನುವಾರ ಮನೆಗೆ ಹೋಗಿದ್ದೆ. ವಾಚನ್ನು ತಿರುಗಿಸಿ ಟಾರ್ಚ್ ಬಿಟ್ಟು ನೋಡಿದರೆ ಒಂದು ಚುಕ್ಕೆ ಹಸಿರು, ಇನ್ನೊಂದು ಕಪ್ಪು. ರಾತ್ರಿಯಿಡೀ ಇಟ್ಟರೂ ಬೆಳಿಗ್ಗೆ ಎಷ್ಟು ತೋರಿಸುತ್ತದೆ ಎಂದು ತಂದೆಯವರನ್ನು ಕೇಳಿದೆ. ‘ಅದನ್ನೆಲ್ಲ ಯಾರು ನೋಡುತ್ತಾರೆ, ಕಟ್ಟುವುದು, ಹೋಗುವುದು’ ಎಂದರು. ಸ್ಪಿರಿಟ್ ಹಾಕಿ ಉಜ್ಜಿದೆ, ಹತ್ತಿ ನೀಲಿಹಸಿರಾಯಿತು. ಎರಡು ಗಂಟೆಯೊಳಗೆ 100 ಆಯಿತು. ಸಮಯ ಸದಾ ಕಾಣುವ ಸೌಲಭ್ಯವೂ ಚಾಲೂ ಇತ್ತು. ಕೈಯೆಲ್ಲ ಸುಣ್ಣ ಇರುವಾಗ ಗುಂಡಿ ಒತ್ತಲು ಆಗುವುದಿಲ್ಲವೆಂದು ಅವರೇ ಹಾಕಿಸಿಕೊಂಡದ್ದಂತೆ, ಹಾಗಾಗಿ ಅದನ್ನು ಮುಟ್ಟಲಿಲ್ಲ. ಆಮ್ಲಜನಕದ್ದನ್ನು ಆಫ್ ಮಾಡಿದೆ, ಎದೆಬಡಿತದ್ದು ಇದೆ. ಇವತ್ತು ಬುಧವಾರ, ಇನ್ನೂ 41 ಉಳಿದಿದೆ.

ಉಪ್ಪಳದ ರಿಪೇರಿಯವ

ವಯರು ನೋಡಿ ಎಂದು ಎರಡನೆಯ ಉತ್ತರದಲ್ಲೇ ನಾನು ಕೇಳಿದ್ದೆ. ದಾಖಲೆ ಮೇಲೆಯೇ ಇದೆ.

ಅಡೂರಿನ ದೋಟಿ

ನೀವು ಕೇಳಿದ್ದು ವಯರು. ಕೊಳೆ ಇದ್ದದ್ದು ವಾಚಿನಲ್ಲಿ.

ಚೆರ್ಕಳದ ದಾದಿ

ಸ್ಪಿರಿಟ್ ಯಾರು ಹೇಳಿದ್ದು ಎಂಬುದನ್ನೂ ದಾಖಲೆಗೆ ಸೇರಿಸಿ. ಮತ್ತೆ, ಚಾರ್ಜಿಗಿಡುವುದನ್ನು ರಾತ್ರಿಯ ಬದಲು ಸಂಜೆ ಸ್ನಾನ, ಊಟದ ಹೊತ್ತಿಗೆ ಬದಲಿಸಿ. ಮಲಗುವ ಮೊದಲು ಮನೆಯವರೇ ಕೈಗೆ ಕಟ್ಟಲಿ. ಆಗ ಮರೆಯುವ ಮಾತಿಲ್ಲ.

ನೀರ್ಚಾಲಿನ ನಿವೃತ್ತ ಮೇಷ್ಟ್ರು

ಹಾಗಾದರೆ ನನ್ನದಕ್ಕೂ ಹಸಿರು ಕಟ್ಟಿತ್ತೇ? ಬ್ಯಾಟರಿ ತೆಗೆಸುವ ಮೊದಲು ಹಿಂಭಾಗವನ್ನು ನಾನು ನೋಡಿರಲಿಲ್ಲ. ಅಂಗಡಿಯವರೂ ನೋಡಲಿಲ್ಲ.

ಉಪ್ಪಳದ ರಿಪೇರಿಯವ

ವಾಚು ಇನ್ನೂ ಇದೆಯೇ ಮೇಷ್ಟ್ರೇ? ಇದ್ದರೆ ಒಮ್ಮೆ ತನ್ನಿ, ನೋಡುವುದಕ್ಕೆ ದುಡ್ಡಿಲ್ಲ.

ನೀರ್ಚಾಲಿನ ನಿವೃತ್ತ ಮೇಷ್ಟ್ರು

ನೀರ್ಚಾಲಿನಿಂದ ಉಪ್ಪಳಕ್ಕೆ ಬಸ್ಸಿನ ದುಡ್ಡು ಯಾರು ಕೊಡುತ್ತಾರೆ?