ಮಳೆಗಾಲದ ಟೆಂಟು, ಇಂಬಳ, ಹಾವು: ಡಾಕ್ಟರ್ ಮೇಡಂ ಹತ್ತಿರ ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದೆ, ಗುಂಪಿನಲ್ಲಿ ಅರ್ಧ ಜನ ಬೆಟ್ಟಕ್ಕೆ ಹೊರಟಿದ್ದಾರೆ. ಇವತ್ತು ಸಂಜೆ ನಮ್ಮ ಡಾಕ್ಟರ್ ಮೇಡಂ ಸಿಗುತ್ತಾರೆ. ಮೂಡಿಗೆರೆ ಕಡೆ ಆಸ್ಪತ್ರೆಯಲ್ಲಿದ್ದಾರೆ, ತಾವೂ ಚಾರಣ ಮಾಡುವವರು. ಚಾರಣ, ಟೆಂಟು, ಕಾಡಿನಲ್ಲಿ ಆರೋಗ್ಯ, ಇಷ್ಟರ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ಅರಸೀಕೆರೆ ಕಾಯಿ: ಮೇಡಂ, ಎತ್ತಿನಭುಜ ಬೆಟ್ಟಕ್ಕೆ ಹೊರಟಿದ್ದೇವೆ. ಇಂಬಳಕ್ಕೆ, ಅದೇ ಜಿಗಣೆಗೆ, ಏನು ಮಾಡಬೇಕು? ನಾವು ಬಯಲುಸೀಮೆಯವರು, ಅಭ್ಯಾಸ ಇಲ್ಲ.

ಡಾಕ್ಟರ್: ಮೊದಲು ಹೆದರಿಕೆ ಬಿಡಿ. ಮೊಣಕಾಲಿನವರೆಗೆ ಬರುವ ಬಿಗಿ ನೇಯ್ಗೆಯ ಲೀಚ್ ಸಾಕ್ಸ್ ಸಿಗುತ್ತದೆ, ಪ್ಯಾಂಟಿನ ಮೇಲೆ ಎಳೆದು ಕಟ್ಟಿಕೊಳ್ಳಿ. ಊರಿನವರು ಹೊಗೆಸೊಪ್ಪು, ಸುಣ್ಣ ಬಳಸುತ್ತಾರೆ. ಬೂಟು, ಸಾಕ್ಸ್ ಮೇಲೆ ಆದರೆ ಸರಿ. ಹೊಗೆಸೊಪ್ಪಿನ ನೀರನ್ನು ಬರಿಮೈಗೆ ಹಚ್ಚಬೇಡಿ, ಚರ್ಮದ ಮೂಲಕ ನಿಕೋಟಿನ್ ಒಳಗೆ ಹೋಗಿ ತಲೆಸುತ್ತು, ವಾಂತಿ ಬರುತ್ತದೆ. ಕಚ್ಚಿಕೊಂಡ ಮೇಲೆ ಉಪ್ಪು ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಅದು ಹೊಟ್ಟೆಯಲ್ಲಿರುವುದನ್ನು ಗಾಯದೊಳಗೆ ಕಕ್ಕಬಹುದು. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ಜಾರಿಸಿ, ಬಿಡುತ್ತದೆ. ಆಮೇಲೆ ಸೋಪು ಹಾಕಿ ತೊಳೆದು ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದಂತೆ ಹಿರುಡಿನ್ ಎಂಬ ಪದಾರ್ಥ ಬಿಟ್ಟಿರುತ್ತದೆ, ಅದಕ್ಕೇ ಗಂಟೆಗಟ್ಟಲೆ ಸೋರುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಮಳೆಗಾಲದಲ್ಲಿ ಆ ದಾರಿಗೆ ಹೋಗುವ ಮೊದಲು ತಮ್ಮ ವೈದ್ಯರನ್ನು ಕೇಳಿ.

ಕಾಫಿಹೂವು: ಮಗಳ ಕಾಲೇಜಿನವರು ಮುಳ್ಳಯ್ಯನಗಿರಿಗೆ ಕರೆದುಕೊಂಡು ಹೋಗುತ್ತಿದ್ದಾರೆ. ಜೀನ್ಸ್, ಹತ್ತಿ ಸ್ವೆಟ್‌ಶರ್ಟ್ ಸಾಕಲ್ವಾ ಮೇಡಂ? ಹಿಮಾಲಯ ಏನಲ್ಲವಲ್ಲ.

ಡಾಕ್ಟರ್: ಸಾಲದು. 1,930 ಮೀಟರ್ ಎತ್ತರ, ಜುಲೈ ಮಳೆ, ನಿಲ್ಲಲು ಬಿಡದ ಗಾಳಿ. ಹಿಮ ಬೀಳದಿದ್ದರೂ ಮೈ ತಣ್ಣಗಾಗುತ್ತದೆ. ಹತ್ತಿ ಬಟ್ಟೆ, ಜೀನ್ಸ್ ಒದ್ದೆಯಾದರೆ ಒಣಗುವುದೇ ಇಲ್ಲ, ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ಉಣ್ಣೆ ಬಟ್ಟೆ, ಮೇಲೆ ಮಳೆಕೋಟು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಇನ್ನೊಂದು ಜೊತೆ ಒಣಬಟ್ಟೆ ಕಳಿಸಿ. ಜೊತೆಯಲ್ಲಿರುವವರಿಗೆ ಮಾತು ತೊದಲಿದರೆ, ನಡಿಗೆ ಎಡವಿದರೆ, ಸುಮ್ಮನೆ ಮುನಿಸಿಕೊಂಡು ಕೂತರೆ ಅದು ಸುಸ್ತಲ್ಲ, ಮೈ ತಣ್ಣಗಾದ ಲಕ್ಷಣ. ತಕ್ಷಣ ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ಬಿಚ್ಚಿಸಿ, ಒಣಬಟ್ಟೆ ಹಾಕಿಸಿ. ಎಚ್ಚರವಾಗಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ.

ರಾಯಲ್ ರೈಡರ್: ಒಂದು ಪೆಗ್ ರಮ್ ಹಾಕಿದರೆ ಚಳಿ ಓಡುತ್ತೆ ಮೇಡಂ 😀

ಡಾಕ್ಟರ್: ಓಡುವುದು ಮೈಯೊಳಗಿನ ಬಿಸಿ. ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗಾದಂತೆ ಅನಿಸುತ್ತದೆ, ಒಳಗೆ ತಣ್ಣಗಾಗುತ್ತಿರುತ್ತದೆ. ಕಾಲೇಜು ಮಕ್ಕಳ ಪ್ರಶ್ನೆಯ ಕೆಳಗೆ ಇದನ್ನು ಬರೆಯಬೇಕಿತ್ತಾ?

ಬೇಲೂರು ಮೇಷ್ಟ್ರು: (ಫಾರ್ವರ್ಡ್) ಹಾವು ಕಚ್ಚಿದರೆ ಹೀಗೆ ಮಾಡಿ!! ಕಚ್ಚಿದ ಜಾಗದ ಮೇಲೆ ಹಗ್ಗ ಬಿಗಿಯಾಗಿ ಕಟ್ಟಿ, ಬ್ಲೇಡಿನಿಂದ ಗೀರಿ ವಿಷ ಹೀರಿ ಉಗುಳಿ. ಮೆಣಸಿನಕಾಯಿ ತಿನ್ನಿಸಿ, ಖಾರ ಅನಿಸದಿದ್ದರೆ ವಿಷ ಏರಿದೆ ಎಂದರ್ಥ. ಟೆಂಟಿನ ಸುತ್ತ ಬೆಳ್ಳುಳ್ಳಿ ಜಜ್ಜಿ ಹಾಕಿದರೆ ಹಾವು ಬರುವುದಿಲ್ಲ. ಎಲ್ಲರಿಗೂ ತಲುಪಿಸಿ.

ಡಾಕ್ಟರ್: ಮೇಷ್ಟ್ರೇ, ನಿಮ್ಮ ಮೇಲೆ ಗೌರವವಿದೆ, ಆದರೆ ಇದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಕಟ್ಟಬಾರದು, ಗೀರಬಾರದು, ಹೀರಬಾರದು. ಕೊಳಕುಮಂಡಲ ಕಚ್ಚಿದ ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿದರೆ ಕಾಲೇ ಕೊಳೆಯಬಹುದು. ಅದರ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲ, ಆ ಸ್ಥಿತಿಯಲ್ಲಿ ಗೀರಿದರೆ ರಕ್ತ ನಿಲ್ಲುವುದಿಲ್ಲ. ಮಾಡಬೇಕಾದ್ದು ಇಷ್ಟು: ಉಂಗುರ, ಬಳೆ, ಕಾಲುಗೆಜ್ಜೆ ಬಿಚ್ಚಿ. ಮುರಿದ ಕಾಲಿಗೆ ಮಾಡುವ ಹಾಗೆ ಕೋಲು ಕೊಟ್ಟು ಅಲುಗಾಡದಂತೆ ಮಾಡಿ. ನಡೆಸಬೇಡಿ, ಹೊತ್ತು ತನ್ನಿ. 108ಕ್ಕೆ ಕರೆ ಮಾಡಿ. ಹಾವು ಹಿಡಿಯಲು, ಹೊಡೆಯಲು ಹೋಗಬೇಡಿ.

ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಮಲೆನಾಡಿನ ಗುಳಿಮಂಡಲಗಳಿಗೆ ಅದು ಕೆಲಸ ಮಾಡುವುದಿಲ್ಲ. ಆದರೂ ಆಸ್ಪತ್ರೆ ಬೇಕು, ಕಿಡ್ನಿ ಕೈಕೊಟ್ಟರೆ ಗಮನಿಸುವವರು ಅಲ್ಲಿದ್ದಾರೆ. 2024ರಿಂದ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು. ಬೆಳ್ಳುಳ್ಳಿ ಒಗ್ಗರಣೆಗೆ ಇಟ್ಟುಕೊಳ್ಳಿ. ಟೆಂಟಿನ ಜಿಪ್ ಮುಚ್ಚಿಡುವುದು, ಬೆಳಿಗ್ಗೆ ಬೂಟು ಕೊಡವಿ ಹಾಕುವುದು, ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಕಾಲಿಡದಿರುವುದು, ಇವು ಕೆಲಸಕ್ಕೆ ಬರುತ್ತವೆ.

ಬೇಲೂರು ಮೇಷ್ಟ್ರು: ನಮ್ಮ ಹಿರಿಯರು ಹೀಗೇ ಬದುಕಿದರಲ್ಲಮ್ಮಾ.

ಡಾಕ್ಟರ್: ಬದುಕಿದವರು ಹೇಳಿದ್ದನ್ನು ಕೇಳಿದ್ದೀರಿ. ಸತ್ತವರು ಹೇಳಲು ಬರಲಿಲ್ಲ.

ಹಾಸನ ಬುಲೆಟ್: ಮೇಡಂ ಚಿಕ್ಕ ಪ್ರಶ್ನೆ. ನಿನ್ನೆ ರಾತ್ರಿ ಒಂದು ತೋಟದ ಟೆಂಟ್ ಜಾಗದಲ್ಲಿ ಇದ್ದೆವು. ಜೋರು ಮಳೆ. ಬೆಳಿಗ್ಗೆ ಎದ್ದಾಗ ಮೂರು ಜನಕ್ಕೆ ತಲೆನೋವು, ಅಣ್ಣ ಎರಡು ಸಲ ವಾಂತಿ ಮಾಡಿದ. ರಾತ್ರಿಯ ಕೋಳಿ ಸರಿಯಿರಲಿಲ್ಲ ಅನಿಸುತ್ತೆ. ಗ್ಯಾಸಿಗೆ ಯಾವ ಮಾತ್ರೆ ಒಳ್ಳೆಯದು?

ಹೊಳೆನರಸೀಪುರ ಹೈಕರ್: ಇಂಬಳಕ್ಕೆ ಏನು ಹಚ್ಚಬೇಕು ಮೇಡಂ?

ಡಾಕ್ಟರ್: @ಹೊಳೆನರಸೀಪುರ ಮೇಲೆ ಬರೆದಿದ್ದೇನೆ.
@ಹಾಸನ ಬುಲೆಟ್ ಜ್ವರ, ಭೇದಿ ಇತ್ತಾ? ಕೋಳಿ ತಿನ್ನದವರು ಯಾರಾದರೂ ಇದ್ದರಾ? ಟೆಂಟಿನೊಳಗೆ ಬೆಂಕಿ ಏನಾದರೂ ಇಟ್ಟಿದ್ದಿರಾ?

ಹಾಸನ ಬುಲೆಟ್: ಭೇದಿ ಇಲ್ಲ, ಜ್ವರ ಇಲ್ಲ. ಅತ್ತಿಗೆ ಮಾಂಸ ತಿನ್ನುವುದಿಲ್ಲ, ಅವರಿಗೂ ತಲೆನೋವು. ಡ್ರೈವರ್ ಹುಡುಗ ಕಾರಿನಲ್ಲಿ ಮಲಗಿದ್ದ, ಎಲ್ಲರಿಗಿಂತ ಜಾಸ್ತಿ ಕೋಳಿ ತಿಂದವನು ಅವನೇ, ಆರಾಮಾಗಿದ್ದಾನೆ. ಬೆಂಕಿ ಅಂದರೆ, ಅಲ್ಲಿಯವರು ಕಬ್ಬಿಣದ ಬಾಣಲೆಯಲ್ಲಿ ಕೆಂಡ ತಂದು ಒಳಗೆ ಇಟ್ಟಿದ್ದರು. ಹೊಗೆ ಇರಲಿಲ್ಲ. ಮಳೆ ಎರಚುತ್ತಿತ್ತು ಅಂತ ಜಿಪ್ ಪೂರ್ತಿ ಹಾಕಿದ್ದೆವು. ಅಣ್ಣನ ಹತ್ತಿರ ಆಕ್ಸಿಮೀಟರ್ ಇತ್ತು, ಎಲ್ಲರದ್ದೂ 98 ತೋರಿಸಿತು, ಹಾಗಾಗಿ ಗಾಬರಿ ಆಗಲಿಲ್ಲ. ಅಣ್ಣ ಈಗಲೂ ಮಂಕಾಗಿದ್ದಾನೆ. ಕಾರಿನ ಕೀ ಎಲ್ಲಿಟ್ಟೆ ಅಂತ ಮೂರು ಸಲ ಕೇಳಿದ.

ಡಾಕ್ಟರ್: ಗ್ಯಾಸ್ ಮಾತ್ರೆ ಬಿಡಿ. ಇದು ಕೋಳಿಯದ್ದಲ್ಲ ಅನಿಸುತ್ತಿದೆ. ನೀವೇ ಬರೆದಿದ್ದನ್ನು ನೋಡಿ. ಕೋಳಿ ತಿಂದು ಹೊರಗೆ ಮಲಗಿದವನಿಗೆ ಏನೂ ಆಗಿಲ್ಲ, ತಿನ್ನದೆ ಒಳಗೆ ಮಲಗಿದವರಿಗೆ ತಲೆನೋವು. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಸುವುದಿಲ್ಲ. ಹೊಗೆ ಇಲ್ಲದಿದ್ದರೆ ವಿಷ ಇಲ್ಲ ಅಂತ ಜನ ತಿಳಿಯುತ್ತಾರೆ, ನಿಗಿನಿಗಿ ಕೆಂಡವೂ ಅದನ್ನೇ ಬಿಡುತ್ತಿರುತ್ತದೆ. ಈಗಿನ ಟೆಂಟಿನ ಬಟ್ಟೆ ಒದ್ದೆಯಾದಾಗ ಗಾಳಿಯೂ ಆಡುವುದಿಲ್ಲ.

ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಆಮ್ಲಜನಕ ಕೂರಬೇಕಾದ ಜಾಗವನ್ನು ಇದೇ ಹಿಡಿದಿರುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್‌ಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಜಾಗ ತುಂಬಿದೆ ಅಂತ 98 ತೋರಿಸುತ್ತದೆ. ಆ ಸಂಖ್ಯೆ ನಂಬಬೇಡಿ.

ಹೊರಗಿನ ಗಾಳಿಯಲ್ಲಿ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು 4–5 ಗಂಟೆ ಬೇಕು. ಮಾಸ್ಕಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂವರೆ ಗಂಟೆಯಲ್ಲಿ ಇಳಿಯುತ್ತದೆ. ನೀವು ಹೊರಗೆ ಬಂದು ಇಡೀ ದಿನ ಆಗಿದೆ, ಹಾಗಾಗಿ ಈಗ ರಕ್ತಪರೀಕ್ಷೆಯಲ್ಲಿ ಕಡಿಮೆ ಬಂದರೂ ಏನೂ ಆಗಿಲ್ಲ ಅಂತ ಅರ್ಥವಲ್ಲ. ಅಣ್ಣನ ಮರೆವು ನನಗೆ ಹಿಡಿಸುತ್ತಿಲ್ಲ. ಅವರನ್ನು ಈಗಲೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಾಡಿ ಅವರ ಕೈಗೆ ಕೊಡಬೇಡಿ. ಮುಚ್ಚಿದ ಟೆಂಟಿನಲ್ಲಿ ಕೆಂಡ ಇತ್ತು ಎಂಬ ಮಾತನ್ನು ಮೊದಲು ಹೇಳಿ, ಇಲ್ಲದಿದ್ದರೆ ಅಲ್ಲೂ ಹೊಟ್ಟೆಯ ಔಷಧಿ ಕೊಟ್ಟು ಕಳಿಸಬಹುದು. ಇಸಿಜಿ ಮಾಡಿಸಿ. ಇವತ್ತು ಸರಿಹೋದರೂ ಮುಂದಿನ ಕೆಲವು ವಾರ ಮರೆವು, ನಡಿಗೆ, ಸ್ವಭಾವದಲ್ಲಿ ಬದಲಾವಣೆ ಕಾಣುತ್ತದಾ ಗಮನಿಸಿ. ಕೆಲವರಲ್ಲಿ ತಡವಾಗಿ ಬರುತ್ತದೆ. ಅತ್ತಿಗೆ ಬಸುರಿಯೇನಲ್ಲವಲ್ಲ?

ಟೆಂಟ್ ಅಣ್ಣ ಮೂಡಿಗೆರೆ: ಮೇಡಂ ಸುಮ್ನೆ ಹೆದರಿಸುತ್ತಿದ್ದೀರಿ. ನಾವು ಎಷ್ಟೋ ವರ್ಷದಿಂದ ಗಿರಾಕಿಗಳಿಗೆ ಕೆಂಡ ಕೊಡುತ್ತಿದ್ದೇವೆ. ಯಾರಿಗೂ ಏನೂ ಆಗಿಲ್ಲ. ಮಲೆನಾಡಿನ ಮನೆಗಳಲ್ಲಿ ಒಲೆ ಮುಂದೆ ಮಲಗುವುದಿಲ್ಲವಾ?

ಡಾಕ್ಟರ್: ಹಂಚಿನ ಮನೆಯ ಮಾಡಿನ ಸಂದಿಯಲ್ಲಿ ಗಾಳಿ ಆಡುತ್ತದೆ, ನೈಲಾನ್ ಟೆಂಟಿನಲ್ಲಿ ಆಡುವುದಿಲ್ಲ. ಬೆಳಿಗ್ಗೆ ತಲೆನೋವು ಅಂದವರಿಗೆ ನೀವು ರಾತ್ರಿ ಕುಡಿದದ್ದು ಜಾಸ್ತಿ ಆಯ್ತು ಅಂತ ಹೇಳಿ ಕಳಿಸಿರಬಹುದು. ಇವತ್ತಿನಿಂದ ಕೊಡಬೇಡಿ.

ಆಲೂರು ತೋಟ: ಹಾಗೆ ಹೇಳಿ ಮೇಡಂ. ಇವರಿಗೆ ಕೆಂಡವೂ ವ್ಯಾಪಾರ. ಹಲಸಿನ ಕಾಲ ಇದು. ಆನೆ ಹಣ್ಣಿಗೆ ಬರುವ ಮರದ ಕೆಳಗೇ ಟೆಂಟ್ ಹೊಡೆದು ಸ್ಪೀಕರ್ ಹಾಕುತ್ತಾರೆ.

ಟೆಂಟ್ ಅಣ್ಣ ಮೂಡಿಗೆರೆ: ನಮ್ಮ ಜಾಗಕ್ಕೆ ಆನೆ ಬರುವುದಿಲ್ಲ ಸ್ವಾಮಿ.

ಆಲೂರು ತೋಟ: ಆನೆ ನಿಮ್ಮನ್ನು ಕೇಳಿ ಬರುತ್ತದಾ? ನಮ್ಮ ಕಡೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬಂದ ಮೇಲೆ ಆಳುಗಳನ್ನು ತೋಟಕ್ಕೆ ಬಿಡುತ್ತೇವೆ. ನಿಮ್ಮ ಗಿರಾಕಿಗಳು ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ತೋಟದಲ್ಲಿ ಸುತ್ತುತ್ತಾರೆ.

ರಾಯಲ್ ರೈಡರ್: ಎಸ್ಟೇಟ್‌ನವರಿಗೆ ಪ್ರವಾಸಿಗರನ್ನು ಕಂಡರೆ ಆಗುವುದಿಲ್ಲ ಬಿಡಿ. ಹೋಂಸ್ಟೇ ಬೋರ್ಡ್ ಮಾತ್ರ ಗೇಟಿಗೆ ನೇತುಹಾಕುತ್ತಾರೆ.

ಆಲೂರು ತೋಟ: ನನ್ನದು ಹೋಂಸ್ಟೇ ಇಲ್ಲ. ನೀವು ಬಿಸಾಡಿದ ಬಾಟಲಿ ಆರಿಸಲು ಆಳು ಇಟ್ಟಿದ್ದೇನೆ. ಲೆಕ್ಕ ಕಳಿಸಲಾ?

ಟೆಂಟ್ ಅಣ್ಣ ಮೂಡಿಗೆರೆ: ನಮ್ಮ ಊರಿನ ಹತ್ತು ಹುಡುಗರಿಗೆ ಕೆಲಸ ಕೊಟ್ಟಿದ್ದೇನೆ. ನಿಮ್ಮ ತೋಟಕ್ಕೆ ಆಳು ಎಲ್ಲಿಂದ ಕರೆಸುತ್ತೀರಿ ಅಂತ ಗೊತ್ತು.

ಅಡ್ಮಿನ್: ಇಬ್ಬರೂ ಸಾಕು. ಇನ್‌ಬಾಕ್ಸಿಗೆ ಹೋಗಿ.

ಮಲ್ನಾಡ್ ಮಿಂಚು: ಎತ್ತಿನಭುಜಕ್ಕೆ ನಾಯಿ ಕರೆದುಕೊಂಡು ಹೋಗಬಹುದಾ?

ಹಾಸನ ಬುಲೆಟ್: ಮೇಡಂ, ಅತ್ತಿಗೆಗೆ ಐದನೇ ತಿಂಗಳು. ಅದನ್ನು ಹೇಳಬೇಕು ಅಂತ ಹೊಳೆಯಲಿಲ್ಲ.

ಡಾಕ್ಟರ್: ಅವರೂ ಹೊರಡಲಿ, ಈಗಲೇ. ಹೊಟ್ಟೆಯಲ್ಲಿರುವ ಮಗುವಿನ ರಕ್ತದಿಂದ ಈ ಅನಿಲ ಇಳಿಯಲು ತಾಯಿಗಿಂತ ಜಾಸ್ತಿ ಹೊತ್ತು ಬೇಕು. ತಾಯಿ ಆರಾಮ ಅಂದರೂ ಮಗು ಆರಾಮ ಅಂತ ಹೇಳಲಾಗದು. ಹೆರಿಗೆ ವೈದ್ಯರು ಇರುವ ಆಸ್ಪತ್ರೆಗೇ ಹೋಗಿ, ಮಗುವಿನ ಎದೆಬಡಿತ ನೋಡಲಿ. ಆಸ್ಪತ್ರೆ ಮುಟ್ಟಿದ ಮೇಲೆ ನನಗೆ ಕರೆ ಮಾಡಿ, ನಂಬರ್ ಅಡ್ಮಿನ್ ಕೊಡುತ್ತಾರೆ.

ಬೇಲೂರು ಮೇಷ್ಟ್ರು: ವಿಷದ ಗಾಳಿಗೆ ಮಜ್ಜಿಗೆ, ನಿಂಬೆರಸ ಒಳ್ಳೆಯದು ಎಂದು ಓದಿದ್ದೆ.

ಡಾಕ್ಟರ್: ಮೇಷ್ಟ್ರೇ, ದಯವಿಟ್ಟು ಈಗ ಬೇಡ.

ಹಾಸನ ಬುಲೆಟ್: ಹೊರಟೆವು. ಡ್ರೈವರ್ ಹುಡುಗನೇ ಓಡಿಸುತ್ತಿದ್ದಾನೆ.

ಕಡೂರು ಕೌಬಾಯ್: ಟೆಂಟಿನಲ್ಲಿ ಕೆಂಡ ಇಲ್ಲದೆ ಚಳಿಗೆ ಏನು ಮಾಡೋದು ಹಾಗಾದರೆ? ಸಣ್ಣ ಗ್ಯಾಸ್ ಹೀಟರ್ ಆಗುತ್ತಾ? ಟೆಂಟಿಗೇ ಅಂತ ಮಾರುತ್ತಾರೆ.

ಡಾಕ್ಟರ್: ಗ್ಯಾಸ್ ಹೀಟರ್, ಸ್ಟವ್, ಕೆಂಡ ಯಾವುದೂ ಒಳಗೆ ಬೇಡ. ಮಳೆ ಬಂದರೂ ಅಡುಗೆ ಹೊರಗೆ, ತಾರ್ಪಾಲಿನ ಕೆಳಗೆ. ಚಳಿ ನೆಲದಿಂದ ಏರುತ್ತದೆ, ಕೆಳಗೆ ದಪ್ಪ ಮ್ಯಾಟ್ ಹಾಕಿ. ಮಲಗಲಿಕ್ಕೆ ಅಂತಲೇ ಒಣ ಸಾಕ್ಸ್, ಟೋಪಿ ಬೇರೆ ಇಡಿ, ಹಗಲು ಮುಟ್ಟಬೇಡಿ. ಹೊಟ್ಟೆತುಂಬ ಉಂಡು ಮಲಗಿ. ಒಂಟಿ ಪದರದ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಸ್ಲೀಪಿಂಗ್ ಬ್ಯಾಗಿನಲ್ಲಿ ಕಾಲ ಹತ್ತಿರ ಇಡಿ. ಟೆಂಟಿನ ಮೇಲಿನ ಗಾಳಿಕಿಂಡಿ ಮುಚ್ಚಬೇಡಿ, ಮುಚ್ಚಿದರೆ ಉಸಿರಿನ ಪಸೆಯೇ ಬೆಳಗ್ಗೆ ಮೈಮೇಲೆ ತೊಟ್ಟಿಕ್ಕುತ್ತದೆ. ಹಳ್ಳದ ಪಕ್ಕದ ತಗ್ಗಿನಲ್ಲಿ ಟೆಂಟ್ ಹೊಡೆಯಬೇಡಿ. ಮೇಲಿನ ಗುಡ್ಡದಲ್ಲಿ ಸುರಿದ ಮಳೆ ನಿಮಗೆ ಕಾಣುವುದಿಲ್ಲ, ನೀರು ಮಾತ್ರ ಬರುತ್ತದೆ.

ಚನ್ನರಾಯಪಟ್ಟಣ ಚಾರಣ: ಹಳ್ಳದ ನೀರು ಕುದಿಸಿ ಕುಡಿಯಬಹುದಲ್ವಾ?

ಡಾಕ್ಟರ್: ಕಾಡಿನ ಒರತೆ ಆದರೆ ಒಂದು ನಿಮಿಷ ಕೊತಕೊತ ಕುದಿಸಿ ಕುಡಿಯಿರಿ. ತೋಟದ ಕೆಳಗಿನ ಹಳ್ಳ ಬೇಡ. ಕುದಿಸಿದರೆ ಕ್ರಿಮಿ ಸಾಯುತ್ತದೆ, ತೋಟಕ್ಕೆ ಹೊಡೆದ ಔಷಧಿ ಹೋಗುವುದಿಲ್ಲ.

ಆಲೂರು ತೋಟ: ನಿಜ. ಮಳೆಗೆ ಮುಂಚೆ ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆದಿರುತ್ತೇವೆ, ಮೈಲುತುತ್ತ ಸೇರಿದ ಔಷಧಿ ಅದು. ಕೇಳಿದರೆ ಮನೆಯ ಬಾವಿ ನೀರು ಕೊಡುತ್ತೇವೆ. ಕೇಳುವ ಸೌಜನ್ಯ ಇರಬೇಕು ಅಷ್ಟೇ.

ರಾಯಲ್ ರೈಡರ್: ಮತ್ತೆ ಶುರು.

ಶೃಂಗೇರಿ ಸಂಚಾರಿ: ಮೇಡಂ, ಮೊಣಕಾಲಿನ ಹಿಂದೆ ಉಣ್ಣೆ ಹುಳ (ಉಣುಗು) ಕಚ್ಚಿದೆ. ಮಂಗನ ಕಾಯಿಲೆ ಬರುತ್ತಾ? ಸೀಮೆಎಣ್ಣೆ ಹಾಕಿದರೆ ಬಿಡುತ್ತೆ ಅಂತಾರೆ.

ಡಾಕ್ಟರ್: ಸೀಮೆಎಣ್ಣೆ ಬೇಡ, ಸುಡುವುದೂ ಬೇಡ. ಚಿಮಟದಿಂದ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು, ತಿರುಚದೆ ನೇರ ಎಳೆಯಿರಿ. ಬರಿಗೈಯಲ್ಲಿ ಹಿಸುಕಬೇಡಿ. ಸೋಪು ಹಾಕಿ ತೊಳೆಯಿರಿ. ಮಂಗನ ಕಾಯಿಲೆಯ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ. ಈಗ ಸಾಧ್ಯತೆ ಕಡಿಮೆ. ಆದರೆ ನಿಮ್ಮ ತಾಲ್ಲೂಕು, ಕೊಪ್ಪ, ಎನ್.ಆರ್. ಪುರದಲ್ಲಿ ಪ್ರಕರಣಗಳು ಆಗಿವೆ. ಎರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಉಣ್ಣೆ ಕಚ್ಚಿತ್ತು ಅಂತ ಹೇಳಿ ರಕ್ತಪರೀಕ್ಷೆ ಮಾಡಿಸಿ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ.

ಚಿಕ್ಕಮಗಳೂರು ಚಿಟ್ಟೆ: ಇಂಬಳಕ್ಕೆ ಏನಾದರೂ ಸ್ಪ್ರೇ ಇದೆಯಾ ಮೇಡಂ?

ಡಾಕ್ಟರ್: ಮೇಲೆ ನೋಡಿ.

ಚಿಕ್ಕಮಗಳೂರು ಚಿಟ್ಟೆ: ನೋಡಿದೆ, ಸಿಗಲಿಲ್ಲ. ಕೇಳಿದ್ದಕ್ಕೆ ಹೀಗೆ ಸಿಡುಕಿದರೆ ಪ್ರಶ್ನೋತ್ತರ ಯಾಕೆ ಇಡಬೇಕು?

ಕಾಫಿಹೂವು: ಮೊದಲ ಪ್ರಶ್ನೆಯೇ ಅದು ಮಾರಾಯ್ರೆ. ಬೆರಳು ಒಂಚೂರು ಮೇಲಕ್ಕೆ ಎಳೆಯಿರಿ.

ಟೆಂಟ್ ಅಣ್ಣ ಮೂಡಿಗೆರೆ: ನನ್ನ ಜಾಗದ ಹೆಸರು ಯಾರೂ ಹೇಳಿಲ್ಲ, ಆದರೂ ನಾಳೆಯ ಎರಡು ಬುಕಿಂಗ್ ರದ್ದಾಗಿದೆ. ಯಾರು ಹೊಣೆ?

ಡಾಕ್ಟರ್: ಕೆಂಡ ಕೊಡುವುದಿಲ್ಲ, ದಪ್ಪ ಮ್ಯಾಟ್ ಕೊಡುತ್ತೇವೆ ಅಂತ ಬರೆದು ಹಾಕಿ, ವಾಪಸ್ ಬರುತ್ತಾರೆ. ನನಗೆ ಕರೆ ಬರುತ್ತಿದೆ, ಹಾಸನದಿಂದ. ಇವತ್ತಿಗೆ ಇಷ್ಟೇ.

ಅರಸೀಕೆರೆ ಕಾಯಿ: ಮೇಡಂ, ಹೋಗುವ ಮುಂಚೆ ಒಂದೇ ಒಂದು, ಮೂರು ಸಾವಿರದೊಳಗೆ ಒಳ್ಳೆಯ ಟೆಂಟ್ ಯಾವುದು?

ರಾಯಲ್ ರೈಡರ್: ನನ್ನ ಹತ್ತಿರ ಹಳೆಯದು ಒಂದಿದೆ. ಎರಡು ಸಾವಿರ. ಜಿಪ್ ಸ್ವಲ್ಪ ಕಚ್ಚುತ್ತೆ ಅಷ್ಟೇ.