ಸಹಾಯ ಬೇಕು: ಕೊರಿಯಾ ಸರ್ಕಾರಿ ಶಾಲೆಯ ಚಳಿಗಾಲದ ರಜೆ ಒಟ್ಟಿಗೆ ತಗೊಳ್ಳೋದು ಹೇಗೆ?

ಎಪಿಕ್ (ಸರ್ಕಾರಿ ಶಾಲೆಗಳಿಗೆ ವಿದೇಶಿ ಇಂಗ್ಲಿಷ್ ಶಿಕ್ಷಕರನ್ನ ತಗೊಳ್ಳೋ ಅಲ್ಲಿನ ಸರ್ಕಾರಿ ಯೋಜನೆ) ಮೂಲಕ ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸ್ತಿರೋರು, ಹಿಂದೆ ಕಲಿಸಿದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ಒಪ್ಪಂದದ ಪ್ರಕಾರ ಸಂಬಳ ಸಹಿತ ರಜೆ ವರ್ಷಕ್ಕೆ 26 ಕೆಲಸದ ದಿನ, ಬೇಸಿಗೆಗೂ ಚಳಿಗಾಲಕ್ಕೂ ಹಂಚಿ. ಶನಿವಾರ, ಭಾನುವಾರ, ಸೊಲ್ಲಾಲ್ (ಕೊರಿಯಾದ ಚಾಂದ್ರಮಾನ ಹೊಸ ವರ್ಷ) ಹಬ್ಬದ ಸರ್ಕಾರಿ ರಜೆ ಈ ಲೆಕ್ಕಕ್ಕೆ ಬರಲ್ಲ. ಮಕ್ಕಳಿಗೆ ರಜೆ ಇದ್ರೂ ಉಳಿದ ದಿನ ನಾವು ಶಾಲೆಗೆ ಬಂದು ಮಕ್ಕಳಿಗೆ ಇಂಗ್ಲಿಷ್ ಕ್ಯಾಂಪ್ ನಡೆಸಬೇಕು, ಅದೂ ಇಲ್ಲಾಂದ್ರೆ ಖಾಲಿ ಸ್ಟಾಫ್ ರೂಮಲ್ಲಿ ಹೀಟರ್ ಪಕ್ಕ ಸಂಜೆವರೆಗೆ ಕೂತಿರೋದು.

ಈಗ ತೊಡಕು: ಶಾಲೆಯವರು ಕ್ಯಾಂಪನ್ನ ಜನವರಿ ನಡುವೆ ಇಟ್ಟಿದ್ದಾರೆ, ರಜೆ ಎರಡು ತುಂಡಾಗಿದೆ. ಊರಿಗೆ ಹೋಗಿಬರೋಕೆ ಯಾವ ತುಂಡೂ ಸಾಲಲ್ಲ. ಕೋ-ಟೀಚರ್ (ನಮ್ಮ ಜೊತೆ ಪಾಠ ಮಾಡೋ ಕೊರಿಯಾದ ಶಿಕ್ಷಕರು) ಬಾಯಲ್ಲಿ "ಆಯ್ತು" ಅಂದ್ರೆ ಸಾಲದು, ಮೇಲಿನವರ ಮಂಜೂರಾತಿ ಆಗೋವರೆಗೆ ಟಿಕೆಟ್ ಮಾಡಿಸೋದು ಅಪಾಯ. ತುಂಬಾ ಜನ ಎಡವೋದೇ ಇಲ್ಲಿ.

ತಿಳೀಬೇಕಾದ್ದು ಇಷ್ಟು: ಕ್ಯಾಂಪನ್ನ ರಜೆಯ ಮೊದಲ ವಾರಕ್ಕೆ ತರಿಸೋಕೆ ಯಾವ ತಿಂಗಳಲ್ಲಿ, ಯಾರನ್ನ ಕೇಳಬೇಕು? ಕೋ-ಟೀಚರನ್ನ ಬಿಟ್ಟು ನೇರ ಉಪಪ್ರಾಂಶುಪಾಲರ ಹತ್ರ ಹೋದ್ರೆ ಬೇಜಾರಾಗ್ತಾರಾ? ಮಾರ್ಚಲ್ಲಿ ಹೊಸ ಶಾಲಾ ವರ್ಷ ಶುರುವಾಗೋ ಮುಂಚಿನ ಫೆಬ್ರವರಿ ಬಿಡುವಿಗೆ ಉಳಿದ ದಿನ ಜೋಡಿಸಿಕೊಳ್ಳೋಕೆ ಬಿಡ್ತಾರಾ? ಯಾವ ಪ್ರಾಂತ್ಯದ ಶಾಲೆ ಅಂತಲೂ ಬರೀರಿ, ಪದ್ಧತಿ ಎಲ್ಲಾ ಕಡೆ ಒಂದೇ ಇಲ್ಲ.